ವಾಲ್ಟರ್ ಶಾಟ್ಕಿ ಮತ್ತು ಕಪ್ಪುಹಲಗೆಯ ಒಂದು ತಪ್ಪು

ಹತ್ತನೆಯ ತರಗತಿಯಲ್ಲಿ ವಿದ್ಯುತ್ ಘಟಕದ ಮೇಲೆ ನನ್ನ ಮೂರನೆಯ ಅಭ್ಯಾಸ ಪಾಠ. ಒಂದು ಕೂಲಂಬ್ ಆವೇಶದಲ್ಲಿ ಎಷ್ಟು ಇಲೆಕ್ಟ್ರಾನುಗಳಿರುತ್ತವೆ ಎಂಬ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡುತ್ತಿದ್ದೆ. 1ನ್ನು 1.6 × 10⁻¹⁹ರಿಂದ ಭಾಗಿಸಿ 6.25 × 10¹⁹ ಎಂದು ಬರೆದೆ. ಹುಡುಗಿಯೊಬ್ಬಳು ಎದ್ದು, ಘಾತ ಹದಿನೆಂಟು ಬರಬೇಕಲ್ಲವೇ ಎಂದು ಕೇಳಿದಳು. ಹಿಂದೆ ಮೇಲ್ವಿಚಾರಕರು ಕುಳಿತಿದ್ದರು, ಉಳಿದಿದ್ದುದು ಹತ್ತೇ ನಿಮಿಷ. ಆಮೇಲೆ ನೋಡೋಣವೆಂದು ಅವಳನ್ನು ಕೂರಿಸಿಬಿಟ್ಟೆ. ಪಾಠ ಮುಗಿದ ಮೇಲೆ ಲೆಕ್ಕ ಮಾಡಿ ನೋಡಿದರೆ ಅವಳು ಹೇಳಿದ್ದೇ ಸರಿ. ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ ಗುರುತಿಸಿದ್ದು ತಪ್ಪು ಉತ್ತರವನ್ನಲ್ಲ, ಅವಳನ್ನು ಕೂರಿಸಿದ್ದನ್ನು. ಮುಂದಿನ ಪಾಠದಲ್ಲಿ ವಿಜ್ಞಾನಿಯೊಬ್ಬರ ಜೀವನದ ಮೂಲಕ ಅದೇ ಲೆಕ್ಕಕ್ಕೆ ಮರಳುವಂತೆ ಸೂಚಿಸಿದರು. ನಾನು ಆರಿಸಿಕೊಂಡದ್ದು ವಾಲ್ಟರ್ ಶಾಟ್ಕಿ ಅವರನ್ನು.

ಶಾಟ್ಕಿ ಹುಟ್ಟಿದ್ದು 1886ರ ಜುಲೈ 23ರಂದು, ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ. ತಂದೆ ಫ್ರೀಡ್ರಿಕ್ ಶಾಟ್ಕಿ ಹೆಸರಾಂತ ಗಣಿತಜ್ಞರು. ಅವರಿಗೆ ಬರ್ಲಿನ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆತದ್ದರಿಂದ ಮಗನ ಓದು ಅಲ್ಲಿಯೇ ಮುಂದುವರಿಯಿತು. 1912ರಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು, ಯೇನಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ತೊಡಗಿದರು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಸೀಮೆನ್ಸ್ ಕಂಪನಿ ಸೇರಿ ನಿರ್ವಾತ ನಳಿಗೆಗಳ ಮೇಲೆ ಕೆಲಸ ಮಾಡಿದರು. ಅಂದು ದೂರವಾಣಿಯ ಕ್ಷೀಣ ಸಂಕೇತವನ್ನು ವರ್ಧಿಸಲು ಇದ್ದ ಸಾಧನ ಅದೇ.

ವರ್ಧಿಸಿದಷ್ಟೂ ಸಂಕೇತದ ಜೊತೆಗೆ ಗದ್ದಲವೂ ಬೆಳೆಯುತ್ತಿತ್ತು. ನಳಿಗೆಯನ್ನು ಎಷ್ಟೇ ಚೆನ್ನಾಗಿ ತಯಾರಿಸಿದರೂ ಒಂದಿಷ್ಟು ಗದ್ದಲ ಉಳಿದೇ ಉಳಿಯುತ್ತದೆಂದು ಶಾಟ್ಕಿ 1918ರಲ್ಲಿ ತೋರಿಸಿದರು. ಕಾದ ತಂತಿಯಿಂದ ಇಲೆಕ್ಟ್ರಾನುಗಳು ನಲ್ಲಿಯ ನೀರಿನಂತೆ ಹರಿದು ಬರುವುದಿಲ್ಲ. ಒಂದೊಂದೇ, ಒಂದರ ಹಂಗು ಇನ್ನೊಂದಕ್ಕಿಲ್ಲದೆ, ಯಾದೃಚ್ಛಿಕವಾಗಿ ಹೊರಡುತ್ತವೆ. ಒಂದು ಅವಧಿಯಲ್ಲಿ ಸರಾಸರಿ 100 ಬರಬೇಕಿದ್ದರೆ, ಸುಮಾರು 10ರಷ್ಟು ಹೆಚ್ಚುಕಡಿಮೆಯಾಗುವುದು ಸಹಜ. ಈ ಏರಿಳಿತದ ಪ್ರಮಾಣ ಒಂದು ಇಲೆಕ್ಟ್ರಾನಿನ ಆವೇಶವನ್ನು ಅವಲಂಬಿಸಿದೆ. ಆದ್ದರಿಂದ ಗದ್ದಲವನ್ನು ಅಳೆದರೆ ಇಲೆಕ್ಟ್ರಾನಿನ ಆವೇಶವೇ ಸಿಗುತ್ತದೆ ಎಂಬುದು ಅವರ ಲೆಕ್ಕ.

ತರಗತಿಯಲ್ಲಿ ಇದಕ್ಕೆ ಬೋಧನೋಪಕರಣವಾದದ್ದು ಒಂದು ಸ್ಟೀಲ್ ತಟ್ಟೆ, ಒಂದು ಪಾವು ರಾಗಿ ಮತ್ತು ಅಷ್ಟೇ ತೂಕದ ಕಡಲೆ. ಬೋರಲು ಹಾಕಿದ ತಟ್ಟೆಯ ಮೇಲೆ ರಾಗಿ ಸುರಿದಾಗ ಒಂದೇ ಸಮನೆ ಸರ್ರೆಂಬ ಸದ್ದು, ಕಡಲೆ ಸುರಿದಾಗ ಟಪಟಪ. ತೂಕ ಒಂದೇ ಆದರೂ ಕಾಳು ದೊಡ್ಡದಾದಷ್ಟೂ ಸದ್ದಿನ ಏರಿಳಿತ ಹೆಚ್ಚು. ಸದ್ದು ಕೇಳಿಯೇ ಕಾಳಿನ ಗಾತ್ರ ಹೇಳಬಹುದೆಂದು ಮಕ್ಕಳೇ ಕಂಡುಕೊಂಡರು.

ಆದರೆ 1918ರ ಆ ಪ್ರಬಂಧದ ಗಣಿತದಲ್ಲಿ ಒಂದು ಅನುಕಲನ ತಪ್ಪಾಗಿತ್ತು. ಅಮೆರಿಕದಲ್ಲಿದ್ದ ಜೆ. ಬಿ. ಜಾನ್ಸನ್ 1922ರಲ್ಲಿ ಅದನ್ನು ಎತ್ತಿ ತೋರಿಸಿದರು. ಶಾಟ್ಕಿ ಅದೇ ವರ್ಷ ಮತ್ತೆ ಲೆಕ್ಕಕ್ಕೆ ಕುಳಿತು ಹೊಸ ಪ್ರಬಂಧ ಬರೆದರು. 1925ರಲ್ಲಿ ಅಮೆರಿಕದ ಹಲ್ ಮತ್ತು ವಿಲಿಯಮ್ಸ್ ಗದ್ದಲವನ್ನು ಅಳೆದು ಪಡೆದ ಇಲೆಕ್ಟ್ರಾನ್ ಆವೇಶವು, ಮಿಲಿಕನ್ ಅವರು ಎಣ್ಣೆಹನಿಯಿಂದ ಪಡೆದ ಬೆಲೆಗೆ ಹತ್ತಿರವಾಗಿತ್ತು.

ಅದೇ ವರ್ಷ ಜಾನ್ಸನ್ ಇನ್ನೊಂದು ತೊಡಕನ್ನು ಮುಂದಿಟ್ಟರು. ಕಡಿಮೆ ಆವೃತ್ತಿಯಲ್ಲಿ ಗದ್ದಲವು ಶಾಟ್ಕಿಯವರ ಸೂತ್ರ ಹೇಳುವುದಕ್ಕಿಂತ ಬಹಳ ಹೆಚ್ಚಾಗಿತ್ತು. ಆಗ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಶಾಟ್ಕಿ 1926ರಲ್ಲಿ ಇದಕ್ಕೆ ಕಾರಣ ಸೂಚಿಸಿದರು. ಕ್ಯಾಥೋಡಿನ ಮೇಲೆ ಅನ್ಯ ಪರಮಾಣುವೊಂದು ಬಂದು ಕೂರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಬಿಟ್ಟು ಹೋಗುತ್ತದೆ. ಅದು ಕುಳಿತಿರುವಷ್ಟು ಹೊತ್ತು ಆ ಜಾಗದಿಂದ ಹೊರಡುವ ಇಲೆಕ್ಟ್ರಾನುಗಳ ಪ್ರಮಾಣವೇ ಬದಲಾಗುತ್ತದೆ. ಬಿಸಿಯೂಟದ ಕೋಣೆಯ ಕಿರುಬಾಗಿಲಲ್ಲಿ ಒಬ್ಬ ನಿಂತರೆ ಸಾಲು ನಿಧಾನವಾಗುತ್ತದೆ, ಸರಿದರೆ ಮತ್ತೆ ವೇಗ ಪಡೆಯುತ್ತದೆ ಎಂದಾಗ ಮಕ್ಕಳಿಗೆ ಥಟ್ಟನೆ ಅರ್ಥವಾಯಿತು.

1927ರಲ್ಲಿ ಶಾಟ್ಕಿ ಅಧ್ಯಾಪನ ಬಿಟ್ಟು ಸೀಮೆನ್ಸ್‌ಗೆ ಮರಳಿದರು. ಲೋಹ ಮತ್ತು ಅರೆವಾಹಕ ಕೂಡುವಲ್ಲಿ ಉಂಟಾಗುವ ತಡೆಯ ಸಿದ್ಧಾಂತವನ್ನು 1938ರಲ್ಲಿ ಪ್ರಕಟಿಸಿದರು. ಶಾಟ್ಕಿ ಡಯೋಡ್ ಎಂಬ ಹೆಸರಿಗೆ ಮೂಲ ಅದೇ. ಎರಡನೆಯ ಮಹಾಯುದ್ಧದ ನಡುವೆ ಬರ್ಲಿನ್ ತೊರೆದು, ಬವೇರಿಯಾದ ಪ್ರೆಟ್ಜ್‌ಫೆಲ್ಡ್ ಎಂಬ ಸಣ್ಣ ಊರಿನಲ್ಲಿ ಕೆಲಸ ಮುಂದುವರಿಸಿದರು. 1976ರ ಮಾರ್ಚ್ 4ರಂದು ತೀರಿಕೊಂಡರು.

ಎಂಟು ವರ್ಷಗಳ ಬಳಿಕ, 1984ರಲ್ಲಿ, ಬೆಲ್ ಪ್ರಯೋಗಾಲಯದ ಸಂಶೋಧಕರು ಅತಿ ಚಿಕ್ಕ ಟ್ರಾನ್ಸಿಸ್ಟರುಗಳಲ್ಲಿ ಪ್ರವಾಹವು ಎರಡೇ ಮಟ್ಟಗಳ ನಡುವೆ ಥಟ್ಟನೆ ಜಿಗಿಯುವುದನ್ನು ಕಂಡರು. ಒಂದು ದೋಷಸ್ಥಾನದಲ್ಲಿ ಒಂದೇ ಇಲೆಕ್ಟ್ರಾನು ಸಿಕ್ಕಿಕೊಂಡು ಬಿಡುಗಡೆಯಾಗುವುದರ ಫಲ ಅದು. ತಂತಿ ಯಂತ್ರದ ಕೀಲಿಯಂತೆ ಏರಿಳಿಯುವುದರಿಂದ ಅದಕ್ಕೆ ಯಾದೃಚ್ಛಿಕ ಟೆಲಿಗ್ರಾಫ್ ಗದ್ದಲ ಎಂಬ ಹೆಸರಿದೆ. ಬಂದು ಕೂತು ಎದ್ದುಹೋಗುವ ಅತಿಥಿಯನ್ನು ಶಾಟ್ಕಿ 1926ರಲ್ಲೇ ಊಹಿಸಿದ್ದರು. ಇಂದು ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್‌ಗಳನ್ನು ಕೆಡಿಸುವ ಕಾರಣಗಳಲ್ಲಿ ಇಂಥ ದೋಷಸ್ಥಾನಗಳೂ ಸೇರಿವೆ.

ಜೀವನಕಥೆ ಮುಗಿಸಿ, ನನ್ನ 6.25 × 10¹⁹ನ್ನು ಮತ್ತೆ ಹಲಗೆಯ ಮೇಲೆ ಬರೆದೆ. ಇದು ನನ್ನ ತಪ್ಪು, ಮೊದಲು ಕಂಡವಳು ನಿಮ್ಮಲ್ಲೇ ಇದ್ದಾಳೆ ಎಂದು ಹೇಳಿ ಆ ಹುಡುಗಿಯನ್ನು ಕರೆದೆ. ಅವಳು ತುಸು ಹಿಂಜರಿದಳು. ಬಂದು 0.625 × 10¹⁹ ಎಂದು ಬರೆದು, ದಶಮಾಂಶ ಬಿಂದುವನ್ನು ಸರಿಸಿ, ಘಾತವನ್ನು ಹದಿನೆಂಟಕ್ಕೆ ಇಳಿಸಿದಳು. ಆ ದಿನ ಇನ್ನೂ ಮೂವರು ಕೈ ಎತ್ತಿದರು. ಪ್ರವಾಹದಲ್ಲಿ ಗದ್ದಲವಿದ್ದರೆ ಬಲ್ಬು ಏಕೆ ಮಿನುಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಅವರ ಲೆಕ್ಕದಲ್ಲೇ ಇತ್ತು: ಅಷ್ಟು ಕೋಟಿ ಇಲೆಕ್ಟ್ರಾನುಗಳ ನಡುವೆ ಆ ಏರಿಳಿತ ಲೆಕ್ಕಕ್ಕೇ ಬರುವುದಿಲ್ಲ.

ಈಗ ನನ್ನ ಪ್ರತಿ ಪಾಠಯೋಜನೆಯಲ್ಲೂ ಮಕ್ಕಳು ನನ್ನನ್ನು ತಿದ್ದಲೆಂದು ಐದು ನಿಮಿಷ ಬಿಟ್ಟಿರುತ್ತೇನೆ.