ಅಬ್ದುಲ್ ಕರೀಂ ಕಾಸಿಂ

ಅಬ್ದುಲ್ ಕರೀಂ ಕಾಸಿಂ (ನವೆಂಬರ್ 21, 1914 – ಫೆಬ್ರುವರಿ 9, 1963) ಇರಾಕ್‌ನ ಸೇನಾಧಿಕಾರಿ ಮತ್ತು ರಾಜಕಾರಣಿ. 1958ರ ಜುಲೈ 14ರ ಕ್ರಾಂತಿಯ ನೇತೃತ್ವ ವಹಿಸಿ ಹಾಶಿಮಿ ರಾಜವಂಶದ ಆಳ್ವಿಕೆಯನ್ನು ಕೊನೆಗಾಣಿಸಿದ ಇವರು, ಇರಾಕ್ ಗಣರಾಜ್ಯದ ಮೊದಲ ಪ್ರಧಾನಿಯಾಗಿ ನಾಲ್ಕೂವರೆ ವರ್ಷ ಅಧಿಕಾರ ನಡೆಸಿದರು. ಕಾಗದದ ಮೇಲೆ ರಾಷ್ಟ್ರದ ಮುಖ್ಯಸ್ಥ ಸ್ಥಾನ ಮೂವರು ಸದಸ್ಯರ ಸಾರ್ವಭೌಮತ್ವ ಮಂಡಳಿಗೆ ಸೇರಿತ್ತಾದರೂ ರಾಜ್ಯದ ಸಕಲ ಅಧಿಕಾರವೂ ಕಾಸಿಂ ಅವರ ಕೈಯಲ್ಲೇ ಇತ್ತು. ಬೆಂಬಲಿಗರು ಇವರನ್ನು 'ಅಲ್-ಝಈಮ್', ಅಂದರೆ ನಾಯಕ, ಎಂದು ಕರೆಯುತ್ತಿದ್ದರು. 1963ರ ಫೆಬ್ರುವರಿಯಲ್ಲಿ ಬಾಥ್ ಪಕ್ಷ ಮತ್ತು ಅರಬ್ ರಾಷ್ಟ್ರೀಯವಾದಿ ಅಧಿಕಾರಿಗಳು ನಡೆಸಿದ ಕ್ಷಿಪ್ರಕ್ರಾಂತಿಯಲ್ಲಿ ಪದಚ್ಯುತರಾಗಿ ಗುಂಡಿಗೆ ಬಲಿಯಾದರು.

ಆರಂಭಿಕ ಜೀವನ

ಕಾಸಿಂ ಬಾಗ್ದಾದಿನ ಬಡ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಸುನ್ನಿ ಅರಬರು. ತಾಯಿ ಶಿಯಾ ಪಂಥದ ಫೈಲಿ ಕುರ್ದ್ ಸಮುದಾಯಕ್ಕೆ ಸೇರಿದವರು. ಇರಾಕ್‌ನ ಮೂರು ಮುಖ್ಯ ಜನವರ್ಗಗಳೂ ಒಂದೇ ಮನೆಯಲ್ಲಿ ಕೂಡಿದ್ದ ಈ ಹಿನ್ನೆಲೆಯನ್ನು ಅವರ ಮುಂದಿನ ನೀತಿಯೊಂದಿಗೆ ಹೊಂದಿಸಿ ನೋಡುವ ವಾಡಿಕೆ ಇದೆ. ಬಾಲ್ಯದ ಕೆಲವು ವರ್ಷಗಳನ್ನು ಟೈಗ್ರಿಸ್ ದಂಡೆಯ ಸುವೈರಾ ಎಂಬ ಸಣ್ಣ ಊರಿನಲ್ಲಿ ಕಳೆದು, 1926ರಲ್ಲಿ ಕುಟುಂಬದೊಡನೆ ಬಾಗ್ದಾದಿಗೆ ಮರಳಿದರು. ಸರ್ಕಾರಿ ವಿದ್ಯಾರ್ಥಿವೇತನದ ನೆರವಿನಿಂದ ಪ್ರೌಢಶಿಕ್ಷಣ ಮುಗಿಸಿ, ಸುಮಾರು ಒಂದು ವರ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. 1932ರಲ್ಲಿ ಸೇನಾ ಕಾಲೇಜನ್ನು ಸೇರಿ 1934ರಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ ಹೊರಬಂದರು.

1948–49ರ ಪ್ಯಾಲೆಸ್ಟೀನ್ ಯುದ್ಧದಲ್ಲಿ ಇರಾಕಿ ಪಡೆಯ ತುಕಡಿಯೊಂದನ್ನು ಮುನ್ನಡೆಸಿದರು. ಆ ಯುದ್ಧದ ಸೋಲು ಅನೇಕ ಅರಬ್ ಸೇನಾಧಿಕಾರಿಗಳಂತೆ ಇವರಲ್ಲಿಯೂ ತಮ್ಮ ದೇಶದ ಅರಸೊತ್ತಿಗೆಯ ಬಗ್ಗೆ ಜಿಗುಪ್ಸೆ ಹುಟ್ಟಿಸಿತು. 1951ರಲ್ಲಿ ಇಂಗ್ಲೆಂಡಿನ ಡಿವೈಜಸ್‌ನಲ್ಲಿ ಹಿರಿಯ ಅಧಿಕಾರಿಗಳ ತರಬೇತಿ ಪಡೆದರು. ಕಾಸಿಂ ಕೊನೆಯವರೆಗೂ ಅವಿವಾಹಿತರಾಗಿ ಉಳಿದರು.

1958ರ ಕ್ರಾಂತಿ

ಇರಾಕ್‌ನ ಆಡಳಿತ ಆಗ ಬ್ರಿಟನ್ನಿನ ನೆರಳಿನಲ್ಲಿತ್ತು. ಯುವ ದೊರೆ ಎರಡನೇ ಫೈಸಲ್ ಸಿಂಹಾಸನದಲ್ಲಿದ್ದರೂ ಆಡಳಿತದ ಸೂತ್ರ ಅವನ ಸೋದರಮಾವ ಅಬ್ದುಲ್ ಇಲಾಹ್ ಮತ್ತು ಹಲವು ಬಾರಿ ಪ್ರಧಾನಿಯಾಗಿದ್ದ ನೂರಿ ಅಸ್-ಸಯೀದ್ ಅವರ ಹಿಡಿತದಲ್ಲಿತ್ತು. ಫಲವತ್ತಾದ ಭೂಮಿಯ ಬಹುಪಾಲು ಬುಡಕಟ್ಟುಗಳ ಶೇಖರು ಹಾಗೂ ನಗರವಾಸಿ ಜಮೀನ್ದಾರರ ವಶವಾಗಿತ್ತು. ದಕ್ಷಿಣದ ಹಳ್ಳಿಗಳನ್ನು ತೊರೆದ ರೈತರು ಬಾಗ್ದಾದಿನ ಅಂಚಿನಲ್ಲಿ ಜೊಂಡು ಮತ್ತು ಮಣ್ಣಿನ 'ಸರೀಫಾ' ಗುಡಿಸಲುಗಳಲ್ಲಿ ನೆಲೆಸಿದ್ದರು. ಸೈನ್ಯದೊಳಗೆ ರಿಫಾತ್ ಅಲ್-ಹಾಜ್ ಸಿರ್ರಿ ಆರಂಭಿಸಿದ್ದ ಸ್ವತಂತ್ರ ಅಧಿಕಾರಿಗಳ ಗುಪ್ತ ಸಂಘಟನೆಗೆ ಕಾಸಿಂ ಸೇರಿಕೊಂಡರು. ಹಿರಿತನದ ಕಾರಣದಿಂದ ಅದರ ಮುಖ್ಯಸ್ಥರೂ ಆದರು.

1958ರ ಜುಲೈನಲ್ಲಿ ಸೇನೆಯ 20ನೇ ಬ್ರಿಗೇಡಿಗೆ ಜೋರ್ಡಾನ್‌ನತ್ತ ತೆರಳುವಂತೆ ಆದೇಶ ಬಂತು. ದಾರಿ ಬಾಗ್ದಾದಿನ ಮೂಲಕವೇ ಹಾದುಹೋಗುತ್ತಿತ್ತು. ಕಾಸಿಂ ಅವರ ಆಪ್ತ ಕರ್ನಲ್ ಅಬ್ದುಲ್ ಸಲಾಂ ಆರಿಫ್ ಜುಲೈ 14ರ ನಸುಕಿನಲ್ಲಿ ಈ ಬ್ರಿಗೇಡಿನೊಂದಿಗೆ ನಗರವನ್ನು ಹೊಕ್ಕು ಬಾನುಲಿ ಕೇಂದ್ರವನ್ನು ವಶಪಡಿಸಿಕೊಂಡು ಗಣರಾಜ್ಯವನ್ನು ಘೋಷಿಸಿದರು. 23 ವರ್ಷದ ದೊರೆಯನ್ನೂ ಅಬ್ದುಲ್ ಇಲಾಹ್‌ನನ್ನೂ ರಾಜಮನೆತನದ ಇತರರನ್ನೂ ರಿಹಾಬ್ ಅರಮನೆಯ ಅಂಗಳದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಹೆಂಗಸಿನ ವೇಷದಲ್ಲಿ ತಪ್ಪಿಸಿಕೊಳ್ಳಲೆತ್ನಿಸಿದ ನೂರಿ ಅಸ್-ಸಯೀದ್ ಮರುದಿನ ಸಿಕ್ಕಿಬಿದ್ದು ಹತರಾದರು. ಕಾಸಿಂ ತಮ್ಮ 19ನೇ ಬ್ರಿಗೇಡಿನೊಂದಿಗೆ ರಾಜಧಾನಿ ತಲುಪಿದಾಗ ಮುಖ್ಯ ಕಾರ್ಯ ಮುಗಿದುಹೋಗಿತ್ತು. ಕ್ರಾಂತಿಯನ್ನು ಕೈಯಾರೆ ನಡೆಸಿದವರು ಯಾರು ಎಂಬ ಪ್ರಶ್ನೆ ಇಬ್ಬರ ಸ್ನೇಹದಲ್ಲಿ ಅಂದೇ ಬಿರುಕಿನ ಬೀಜ ಬಿತ್ತಿತೆನ್ನಬಹುದು.

ಆಡಳಿತ ಮತ್ತು ಸುಧಾರಣೆಗಳು

ಕಾಸಿಂ ಪ್ರಧಾನಿ ಹುದ್ದೆಯ ಜೊತೆಗೆ ರಕ್ಷಣಾ ಖಾತೆಯನ್ನೂ ವಹಿಸಿಕೊಂಡರು. ಸಾರ್ವಭೌಮತ್ವ ಮಂಡಳಿಯಲ್ಲಿ ಒಬ್ಬ ಸುನ್ನಿ, ಒಬ್ಬ ಶಿಯಾ ಮತ್ತು ಒಬ್ಬ ಕುರ್ದ್ ಸದಸ್ಯರಿದ್ದರು. ಜುಲೈ 27ರಂದು ಹೊರಬಂದ ತಾತ್ಕಾಲಿಕ ಸಂವಿಧಾನವು ಅರಬರು ಮತ್ತು ಕುರ್ದರು ಈ ನಾಡಿನ ಸಹಭಾಗಿಗಳೆಂದು ಸಾರಿತು.

ಅದೇ ವರ್ಷದ ಸೆಪ್ಟೆಂಬರ್ 30ರ ಭೂಸುಧಾರಣಾ ಕಾನೂನು ಒಬ್ಬ ವ್ಯಕ್ತಿ ಹೊಂದಬಹುದಾದ ನೀರಾವರಿ ಜಮೀನನ್ನು 1000 ದೂನಮ್‌ಗೂ (ಸುಮಾರು 618 ಎಕರೆ), ಮಳೆಯಾಶ್ರಿತ ಜಮೀನನ್ನು 2000 ದೂನಮ್‌ಗೂ ಮಿತಿಗೊಳಿಸಿತು. ಈ ಮಿತಿಯೇ ಸಾಕಷ್ಟು ದೊಡ್ಡದು. ಆದರೂ ಶೇಖರ ರಾಜಕೀಯ ಬಲವನ್ನು ಮುರಿಯಲು ಅಷ್ಟೇ ಸಾಕಾಯಿತು. ಭೂಮಿಯನ್ನು ವಶಪಡಿಸಿಕೊಂಡಷ್ಟು ವೇಗದಲ್ಲಿ ಹಂಚಲು ಸರ್ಕಾರಕ್ಕೆ ಆಗಲಿಲ್ಲ. ಜಮೀನ್ದಾರನು ನೋಡಿಕೊಳ್ಳುತ್ತಿದ್ದ ಕಾಲುವೆ, ಬೀಜ, ಸಾಲಗಳ ವ್ಯವಸ್ಥೆ ಕುಸಿದು ಬೇಸಾಯ ಹಿನ್ನಡೆಯಿತು.

1959ರ ಡಿಸೆಂಬರಿನಲ್ಲಿ ಜಾರಿಗೆ ಬಂದ 188ನೇ ಸಂಖ್ಯೆಯ ವೈಯಕ್ತಿಕ ಕಾನೂನು ಅರಬ್ ಜಗತ್ತಿನಲ್ಲಿ ಅಂದಿಗೆ ಅತ್ಯಂತ ಮುಂದುವರಿದ ಕಾನೂನುಗಳಲ್ಲೊಂದು. ಇದು ಬಹುಪತ್ನಿತ್ವಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಹೇರಿತು. ಉತ್ತರಾಧಿಕಾರದಲ್ಲಿ ಹೆಣ್ಣಿಗೆ ಗಂಡಿನಷ್ಟೇ ಪಾಲು ನೀಡಿತು. ಸುನ್ನಿ ಮತ್ತು ಶಿಯಾ ಪಂಥಗಳಿಗೆ ಒಂದೇ ಕಾನೂನನ್ನು ಅನ್ವಯಿಸಿತು. ಇದರಿಂದ ಧಾರ್ಮಿಕ ಮುಖಂಡರ ವಿರೋಧ ಕಟ್ಟಿಕೊಳ್ಳಬೇಕಾಯಿತು. ಈ ಕಾನೂನಿನ ರಚನೆಯಲ್ಲಿ ಪಾತ್ರ ವಹಿಸಿದ ವೈದ್ಯೆ ನಜೀಹಾ ಅಲ್-ದುಲೈಮಿ 1959ರಲ್ಲಿ ಕಾಸಿಂ ಸಂಪುಟ ಸೇರಿ ಅರಬ್ ದೇಶಗಳ ಮೊದಲ ಮಹಿಳಾ ಮಂತ್ರಿಯೆನಿಸಿದರು.

ಸರೀಫಾ ವಾಸಿಗಳಿಗಾಗಿ ಬಾಗ್ದಾದಿನ ಪೂರ್ವ ಅಂಚಿನಲ್ಲಿ ಮದೀನತ್ ಅಲ್-ಥೌರಾ (ಕ್ರಾಂತಿ ನಗರ) ಎಂಬ ಬಡಾವಣೆ ತಲೆಯೆತ್ತಿತು. ಕಾಸಿಂ ಅವರಿಗೆ ಬಡವರ ನಡುವೆ ದೊರೆತ ಪ್ರೀತಿಗೆ ಇದು ದೊಡ್ಡ ಕಾರಣ. ಅವರು ರಕ್ಷಣಾ ಸಚಿವಾಲಯದ ಕಚೇರಿಯಲ್ಲೇ ವಾಸವಾಗಿದ್ದರು. ಸ್ವಂತಕ್ಕೆ ಆಸ್ತಿ ಮಾಡಿಕೊಳ್ಳಲಿಲ್ಲವೆಂಬುದನ್ನು ವಿರೋಧಿಗಳೂ ಒಪ್ಪುತ್ತಾರೆ. ರೊಟ್ಟಿ ಅಂಗಡಿಯೊಂದರಲ್ಲಿ ತಮ್ಮ ದೊಡ್ಡ ಭಾವಚಿತ್ರವನ್ನು ಕಂಡು, ಚಿತ್ರವನ್ನು ಚಿಕ್ಕದಾಗಿಸಿ ರೊಟ್ಟಿಯನ್ನು ದೊಡ್ಡದಾಗಿಸಲು ಸೂಚಿಸಿದರೆಂಬ ಕಥೆ ಬಾಗ್ದಾದಿನಲ್ಲಿ ಪ್ರಚಲಿತವಾಗಿದೆ.

ವಿದೇಶಾಂಗ ನೀತಿಯಲ್ಲಿ ಕಾಸಿಂ 1959ರ ಮಾರ್ಚಿನಲ್ಲಿ ಬಾಗ್ದಾದ್ ಒಪ್ಪಂದದಿಂದ ಇರಾಕನ್ನು ಹೊರತಂದರು. ಯಾವ ನಗರದ ಹೆಸರಿತ್ತೋ ಆ ನಗರವೇ ಹೊರನಡೆದ ಮೇಲೆ ಒಕ್ಕೂಟವು ಸೆಂಟೋ ಎಂಬ ಹೊಸ ಹೆಸರನ್ನು ಇಟ್ಟುಕೊಳ್ಳಬೇಕಾಯಿತು. 1960ರ ಸೆಪ್ಟೆಂಬರಿನಲ್ಲಿ ತೈಲ ರಫ್ತು ದೇಶಗಳ ಸಂಘಟನೆಯಾದ ಒಪೆಕ್ ಸ್ಥಾಪನೆಗೊಂಡದ್ದು ಬಾಗ್ದಾದಿನಲ್ಲಿಯೇ. 1961ರ ಡಿಸೆಂಬರಿನ 80ನೇ ಸಂಖ್ಯೆಯ ಕಾನೂನು ಪಾಶ್ಚಾತ್ಯ ಒಡೆತನದ ಇರಾಕ್ ಪೆಟ್ರೋಲಿಯಂ ಕಂಪನಿಯ ಹಿಡಿತದಲ್ಲಿದ್ದ ಪ್ರದೇಶದ ಶೇ. 99.5ರಷ್ಟನ್ನು ಹಿಂಪಡೆಯಿತು. ಉತ್ಪಾದನೆಯಲ್ಲಿದ್ದ ಬಾವಿಗಳನ್ನು ಮಾತ್ರ ಕಂಪನಿಗೇ ಬಿಡಲಾಯಿತು. ಅವನ್ನೂ ಮುಟ್ಟಿದರೆ ಖಜಾನೆಯ ಆದಾಯವೇ ನಿಂತುಹೋಗುವ ಭಯವಿತ್ತು.

ಆರಿಫ್ ಮತ್ತು ಪಕ್ಷಗಳೊಂದಿಗೆ ಸಂಘರ್ಷ

ನಾಸೆರ್ ನೇತೃತ್ವದ ಸಂಯುಕ್ತ ಅರಬ್ ಗಣರಾಜ್ಯದಲ್ಲಿ ಇರಾಕ್ ಕೂಡಲೇ ವಿಲೀನವಾಗಬೇಕೆಂಬುದು ಆರಿಫ್ ನಿಲುವು. ಕಾಸಿಂ ಅದಕ್ಕೆ ಸಿದ್ಧರಿರಲಿಲ್ಲ. 1958ರ ಸೆಪ್ಟೆಂಬರಿನಲ್ಲಿ ಆರಿಫ್ ಹುದ್ದೆಗಳನ್ನು ಕಳೆದುಕೊಂಡು ಪಶ್ಚಿಮ ಜರ್ಮನಿಗೆ ರಾಯಭಾರಿಯಾಗಿ ನಿಯುಕ್ತರಾದರು. ನವೆಂಬರಿನಲ್ಲಿ ಅನುಮತಿಯಿಲ್ಲದೆ ಮರಳಿದಾಗ ಬಂಧಿತರಾಗಿ ಮರಣದಂಡನೆಗೆ ಗುರಿಯಾದರು. ಕಾಸಿಂ ಆ ಶಿಕ್ಷೆಯನ್ನು ಜಾರಿಗೊಳಿಸಲಿಲ್ಲ. 1961ರಲ್ಲಿ ಕ್ಷಮಾದಾನ ನೀಡಿ ಬಿಡುಗಡೆ ಮಾಡಿದರು.

ಅರಬ್ ರಾಷ್ಟ್ರೀಯವಾದಿಗಳನ್ನು ಎದುರಿಸಲು ಕಾಸಿಂ ಕಮ್ಯುನಿಸ್ಟರ ಬೆಂಬಲವನ್ನು ನೆಚ್ಚಿದರು. 1959ರ ಮಾರ್ಚಿನಲ್ಲಿ ಮೊಸುಲ್‌ನಲ್ಲಿ ಕರ್ನಲ್ ಅಬ್ದುಲ್ ವಹಾಬ್ ಅಲ್-ಶವ್ವಾಫ್ ದಂಗೆಯೆದ್ದಾಗ ಅದನ್ನು ಅಡಗಿಸುವುದರ ಜೊತೆಗೆ ನಗರದ ಬೀದಿಗಳಲ್ಲಿ ಘೋರ ಹತ್ಯೆಗಳು ನಡೆದವು. ಜುಲೈನಲ್ಲಿ ಕಿರ್ಕುಕ್‌ನಲ್ಲಿ ತುರ್ಕ್‌ಮನ್ನರ ಕೊಲೆಗಳಾದವು. ಕಾಸಿಂ ಇದನ್ನು ಬಹಿರಂಗವಾಗಿ ಖಂಡಿಸಿ ಕಮ್ಯುನಿಸ್ಟರಿಂದ ದೂರ ಸರಿದರು. 1960ರಲ್ಲಿ ಪಕ್ಷಗಳಿಗೆ ಪರವಾನಗಿ ನೀಡುವಾಗ ನಿಜವಾದ ಕಮ್ಯುನಿಸ್ಟ್ ಪಕ್ಷವನ್ನು ಬಿಟ್ಟು, ಅದೇ ಹೆಸರಿನ ನಾಮಮಾತ್ರದ ಗುಂಪೊಂದಕ್ಕೆ ಮಾನ್ಯತೆ ಕೊಟ್ಟರು. ಒಂದು ಬಣವನ್ನು ಇನ್ನೊಂದರ ಎದುರು ನಿಲ್ಲಿಸಿ ತಾವು ಎಲ್ಲಕ್ಕೂ ಮೇಲಿರುವ ಈ ತಂತ್ರ ಕೆಲಕಾಲ ಫಲಿಸಿತು. ಆದರೆ ಅವರು ಸ್ವಂತ ಪಕ್ಷವನ್ನು ಕಟ್ಟಲಿಲ್ಲ, ಚುನಾವಣೆಯನ್ನೂ ನಡೆಸಲಿಲ್ಲ.

ಸೋದರಸಂಬಂಧಿ ಫಾಝಿಲ್ ಅಬ್ಬಾಸ್ ಅಲ್-ಮಹ್ದಾವಿ ಅಧ್ಯಕ್ಷತೆಯ ವಿಶೇಷ ನ್ಯಾಯಾಲಯದ ವಿಚಾರಣೆಗಳು ದೂರದರ್ಶನದಲ್ಲಿ ಪ್ರಸಾರವಾಗುತ್ತಿದ್ದವು. ನ್ಯಾಯಾಧೀಶರೇ ಆರೋಪಿಗಳನ್ನು ಗೇಲಿ ಮಾಡುತ್ತಿದ್ದ ಈ ಕಲಾಪ ಆಡಳಿತದ ಘನತೆಗೆ ಕುಂದು ತಂದಿತು. 1959ರ ಸೆಪ್ಟೆಂಬರ್ 20ರಂದು ಮರಣದಂಡನೆಗೊಳಗಾದ ಅಧಿಕಾರಿಗಳಲ್ಲಿ ಸ್ವತಂತ್ರ ಅಧಿಕಾರಿಗಳ ಸಂಘಟನೆಯ ಸ್ಥಾಪಕ ರಿಫಾತ್ ಅಲ್-ಹಾಜ್ ಸಿರ್ರಿ ಅವರೂ ಇದ್ದರು. ಸೈನ್ಯದಲ್ಲಿ ಇದು ಆರದ ಗಾಯವಾಯಿತು. ಅಕ್ಟೋಬರ್ 7ರಂದು ರಶೀದ್ ಬೀದಿಯಲ್ಲಿ ಬಾಥ್ ಪಕ್ಷದ ತಂಡವೊಂದು ಕಾಸಿಂ ಅವರ ಕಾರಿನ ಮೇಲೆ ಗುಂಡಿನ ಮಳೆಗರೆಯಿತು. ಚಾಲಕ ಸತ್ತು, ಕಾಸಿಂ ಗಾಯಗೊಂಡು ಬದುಕುಳಿದರು. ದಾಳಿಕೋರರಲ್ಲೊಬ್ಬ ಯುವಕ ಸದ್ದಾಂ ಹುಸೇನ್ ದೇಶದಿಂದ ಪರಾರಿಯಾದ. ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾದ ಬಾಥ್ ಕಾರ್ಯಕರ್ತರಿಗೆ ಕಾಸಿಂ ಜೀವದಾನ ನೀಡಿದರು.

ಕುವೈತ್ ಮತ್ತು ಕುರ್ದಿಸ್ತಾನ

1961ರ ಜೂನ್ 19ರಂದು ಕುವೈತ್ ಸ್ವತಂತ್ರವಾದ ಆರೇ ದಿನಗಳಲ್ಲಿ ಕಾಸಿಂ ಅದು ಇರಾಕ್‌ನ ಭಾಗವೆಂದು ಘೋಷಿಸಿದರು. ಬ್ರಿಟಿಷ್ ಸೇನೆ ಕುವೈತಿಗೆ ಧಾವಿಸಿತು. ಅನಂತರ ಅರಬ್ ಒಕ್ಕೂಟದ ಪಡೆಗಳು ಅದರ ಸ್ಥಾನಕ್ಕೆ ಬಂದವು. ಇರಾಕ್ ಸೈನ್ಯ ಗಡಿ ದಾಟಲಿಲ್ಲ. ಈ ಘೋಷಣೆಯಿಂದ ಕಾಸಿಂ ಅವರಿಗೆ ದೊರೆತದ್ದು ಅರಬ್ ದೇಶಗಳ ನಡುವೆ ಏಕಾಂಗಿತನ ಮಾತ್ರ.

ಸೋವಿಯತ್ ಒಕ್ಕೂಟದಲ್ಲಿ ದೇಶಭ್ರಷ್ಟರಾಗಿದ್ದ ಕುರ್ದ್ ನಾಯಕ ಮುಸ್ತಫಾ ಬರ್ಜಾನಿ ಅವರನ್ನು 1958ರಲ್ಲಿ ಗೌರವದಿಂದ ಬರಮಾಡಿಕೊಂಡಿದ್ದವರು ಕಾಸಿಂ ಅವರೇ. ಸ್ವಾಯತ್ತತೆಯ ಬೇಡಿಕೆ ಈಡೇರದೆ 1961ರ ಸೆಪ್ಟೆಂಬರಿನಲ್ಲಿ ಉತ್ತರದಲ್ಲಿ ಯುದ್ಧ ಆರಂಭವಾಯಿತು. ಕೊನೆಗಾಣದ ಆ ಗುಡ್ಡಗಾಡಿನ ಕಾಳಗ ಸೈನಿಕರ ಅಸಮಾಧಾನವನ್ನು ಹೆಚ್ಚಿಸಿತು.

ಪದಚ್ಯುತಿ ಮತ್ತು ಮರಣ

1963ರ ಫೆಬ್ರುವರಿ 8 ರಂಜಾನ್ ತಿಂಗಳ 14ನೇ ದಿನ, ಶುಕ್ರವಾರ. ಬೆಳಿಗ್ಗೆ ಸಂಚುಗಾರರು ಕಾಸಿಂ ನಿಷ್ಠ ವಾಯುಪಡೆ ಮುಖ್ಯಸ್ಥ ಜಲಾಲ್ ಅಲ್-ಅವ್ಕಾತಿ ಅವರನ್ನು ಕೊಂದರು. ಸ್ವಲ್ಪ ಹೊತ್ತಿನಲ್ಲೇ ಯುದ್ಧವಿಮಾನಗಳು ರಕ್ಷಣಾ ಸಚಿವಾಲಯದ ಮೇಲೆ ಬಾಂಬ್ ಹಾಕತೊಡಗಿದವು. ಸುದ್ದಿ ಹರಡಿದಂತೆ ಬಡ ಬಡಾವಣೆಗಳಿಂದ ಸಾವಿರಾರು ಜನ ಸಚಿವಾಲಯದ ಮುಂದೆ ನೆರೆದು ಹೋರಾಡಲು ಆಯುಧಗಳನ್ನು ಕೇಳಿದರು. ಕಾಸಿಂ ಕೊಡಲಿಲ್ಲ. ಆಂತರಿಕ ಯುದ್ಧ ಹೊತ್ತಿಕೊಳ್ಳುವ ಭೀತಿಯಿಂದ ನಿರಾಕರಿಸಿದರೆಂದು ಕೆಲವರೂ, ಕಮ್ಯುನಿಸ್ಟರ ಕೈಗೆ ಬಂದೂಕು ಹೋಗುವುದು ಬೇಡವಾಗಿತ್ತೆಂದು ಇನ್ನು ಕೆಲವರೂ ಅಭಿಪ್ರಾಯಪಡುತ್ತಾರೆ. ನಿರಾಯುಧ ಜನರ ಗುಂಪನ್ನು ದಾಟಲು ದಂಗೆಕೋರರ ಟ್ಯಾಂಕುಗಳು ಕಾಸಿಂ ಅವರದೇ ಭಾವಚಿತ್ರಗಳನ್ನು ಕಟ್ಟಿಕೊಂಡು ಬಂದವೆಂದು ದಾಖಲಾಗಿದೆ.

ಸಚಿವಾಲಯದ ಕಟ್ಟಡದಲ್ಲಿ ಕಾದಾಟ ಮರುದಿನದವರೆಗೂ ನಡೆಯಿತು. ಫೆಬ್ರುವರಿ 9ರಂದು ಕಾಸಿಂ ಶರಣಾದರು. ಅವರನ್ನು ಬಾನುಲಿ ಕೇಂದ್ರಕ್ಕೆ ಕರೆದೊಯ್ದು, ವಿಚಾರಣೆಯೆಂದು ಹೇಳಲಾಗದಷ್ಟು ಅವಸರದ ಪ್ರಶ್ನೋತ್ತರದ ಬಳಿಕ ಮಹ್ದಾವಿ ಹಾಗೂ ಇತರ ಸಂಗಡಿಗರೊಂದಿಗೆ ಗುಂಡಿಟ್ಟು ಕೊಲ್ಲಲಾಯಿತು. ಅಲ್ಲಿ ಎದುರಿಗಿದ್ದವರಲ್ಲಿ, ಎರಡು ವರ್ಷಗಳ ಹಿಂದಷ್ಟೇ ಅವರಿಂದ ಕ್ಷಮೆ ಪಡೆದಿದ್ದ ಆರಿಫ್ ಕೂಡ ಇದ್ದರು. ಕಾಸಿಂ ಸತ್ತಿದ್ದಾರೆಂದು ಜನ ನಂಬದೆ ಬೀದಿಗಳಲ್ಲಿ ಪ್ರತಿರೋಧ ಮುಂದುವರಿಸಿದ್ದರಿಂದ ಹೊಸ ಆಡಳಿತ ಅವರ ಶವವನ್ನು ದೂರದರ್ಶನದಲ್ಲಿ ತೋರಿಸಿತು.

ಆರಿಫ್ ರಾಷ್ಟ್ರಾಧ್ಯಕ್ಷರಾದರು, ಬಾಥ್ ಪಕ್ಷದ ಅಹ್ಮದ್ ಹಸನ್ ಅಲ್-ಬಕ್ರ್ ಪ್ರಧಾನಿಯಾದರು. ಪಕ್ಷದ ರಾಷ್ಟ್ರೀಯ ರಕ್ಷಕ ದಳವು ಮನೆಮನೆ ಹುಡುಕಿ ಕಮ್ಯುನಿಸ್ಟರನ್ನೂ ಕಾಸಿಂ ಬೆಂಬಲಿಗರನ್ನೂ ಕೊಂದಿತು. ಈ ಕ್ಷಿಪ್ರಕ್ರಾಂತಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಪಾತ್ರ ಎಷ್ಟಿತ್ತೆಂಬುದು ಇತಿಹಾಸಕಾರರಲ್ಲಿ ಇನ್ನೂ ವಿವಾದದ ವಿಷಯ. ಅದೇ ವರ್ಷದ ನವೆಂಬರಿನಲ್ಲಿ ಆರಿಫ್ ಬಾಥ್ ಪಕ್ಷವನ್ನೂ ಅಧಿಕಾರದಿಂದ ಹೊರಹಾಕಿದರು. 1966ರಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದರು.

ನಂತರದ ದಿನಗಳು

ಹೊಸ ಸರ್ಕಾರ 1963ರಲ್ಲೇ ವೈಯಕ್ತಿಕ ಕಾನೂನಿಗೆ ತಿದ್ದುಪಡಿ ತಂದು ಉತ್ತರಾಧಿಕಾರದ ಸಮಾನತೆಯನ್ನು ತೆಗೆದುಹಾಕಿತು. 80ನೇ ಸಂಖ್ಯೆಯ ತೈಲ ಕಾನೂನನ್ನು ಮಾತ್ರ ನಂತರ ಬಂದ ಯಾರೂ ರದ್ದುಗೊಳಿಸಲಿಲ್ಲ. 1972ರ ತೈಲ ರಾಷ್ಟ್ರೀಕರಣಕ್ಕೆ ಅದೇ ಅಡಿಪಾಯವಾಯಿತು. ಮದೀನತ್ ಅಲ್-ಥೌರಾ ಮುಂದೆ ಸದ್ದಾಂ ನಗರವಾಗಿ, 2003ರ ಬಳಿಕ ಸದ್ರ್ ನಗರವಾಯಿತು. ಕಾಸಿಂ ಆಳ್ವಿಕೆಯಲ್ಲಿ ರೂಪುಗೊಂಡ, ಶಿಲ್ಪಿ ಜವಾದ್ ಸಲೀಂ ಅವರ ಸ್ವಾತಂತ್ರ್ಯ ಸ್ಮಾರಕ ಇಂದಿಗೂ ಬಾಗ್ದಾದಿನ ತಹ್ರೀರ್ ಚೌಕದಲ್ಲಿದೆ.

ಸಮಾಧಿ ಯಾತ್ರಾಸ್ಥಳವಾದೀತೆಂಬ ಅಳುಕಿನಿಂದ ಕಾಸಿಂ ಅವರ ಶವವನ್ನು ಗುಟ್ಟಾಗಿ ವಿಲೇವಾರಿ ಮಾಡಲಾಗಿತ್ತು. ಬಡ ಬಡಾವಣೆಗಳಲ್ಲಿ ಅವರು ಬದುಕಿದ್ದಾರೆಂಬ ವದಂತಿ ಬಹುಕಾಲ ಉಳಿಯಿತು. 2004ರಲ್ಲಿ ಬಾಗ್ದಾದಿನ ಹೊರವಲಯದ ಗುರುತಿಲ್ಲದ ಗೋರಿಯೊಂದರಲ್ಲಿ ಅವರ ಅವಶೇಷಗಳು ಪತ್ತೆಯಾದವೆಂದು ವರದಿಯಾಯಿತು.