ಮೂಸಿ ನದಿಯ ಲೆಕ್ಕ ಮತ್ತು ಸರ್ ಎಂ.ವಿ.

ಪ್ರತಿವರ್ಷ ಸೆಪ್ಟೆಂಬರ್ 15 ಬಂದೊಡನೆ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಗಳಿಗೆ ಮಾಲಾರ್ಪಣೆ ನಡೆಯುತ್ತದೆ. ಎಂಜಿನಿಯರುಗಳ ದಿನದ ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯಗಳ ಹೆಸರು ತಪ್ಪದೆ ಬರುತ್ತವೆ. ಅದಾದ ಹದಿಮೂರು ದಿನಗಳಿಗೆ ಬರುವ ಇನ್ನೊಂದು ದಿನಾಂಕ ಮಾತ್ರ ಸದ್ದಿಲ್ಲದೆ ಕಳೆದುಹೋಗುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಹೈದರಾಬಾದ್ ನಗರಕ್ಕೆ ನುಗ್ಗಿ, ಅಂದಾಜು 15 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಆ ದುರಂತದ ಕಾರಣವನ್ನು ಹುಡುಕಲು ಹೊರಟಾಗ ವಿಶ್ವೇಶ್ವರಯ್ಯನವರು ಮಾಡಿದ ಕೆಲಸ ಅವರ ಅಣೆಕಟ್ಟೆಗಳಷ್ಟು ಪ್ರಸಿದ್ಧವಾಗಿಲ್ಲ. ಆದರೆ ಪ್ರತಿ ಮಳೆಗಾಲದಲ್ಲಿ ಮುಳುಗುವ ನಮ್ಮ ನಗರಗಳಿಗೆ ಇಂದು ಹೆಚ್ಚು ಬೇಕಾಗಿರುವುದು ಆ ಕೆಲಸವೇ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತ ಓದಿದರು. ಸೆಂಟ್ರಲ್ ಕಾಲೇಜಿನ ಪದವಿಯ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದರು. ಬಯಲುಸೀಮೆಯ ಹುಡುಗನಿಗೆ ನೀರಿನ ಬೆಲೆ ಮೊದಲೇ ತಿಳಿದಿತ್ತು. ನೀರಿನ ಬಲವೇನೆಂಬುದನ್ನು ಖಾನದೇಶ, ನಾಸಿಕ, ಪುಣೆಗಳ ಹೊಳೆಗಳು ಕಲಿಸಿದವು.

ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದ ಅನುಭವ ಅವರ ಮುಂದಿನ ಚಿಂತನೆಗೆ ಬುನಾದಿಯಾಯಿತು. ಮಳೆಗಾಲದಲ್ಲಿ ಅಲ್ಲಿಯ ಕೋಡಿಯ ಮೇಲೆ ಅಪಾರ ನೀರು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಪುಣೆಗೆ ನೀರು ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸಿದರೆ ಪ್ರವಾಹದ ಕಾಲದಲ್ಲಿ ಅದರ ಮೇಲೆ ಬೀಳುವ ಒತ್ತಡ ಹೆಚ್ಚುತ್ತಿತ್ತು. ವಿಶ್ವೇಶ್ವರಯ್ಯನವರು ಕಂಡುಕೊಂಡ ಉಪಾಯವೆಂದರೆ ಸ್ವಯಂಚಾಲಿತ ಬಾಗಿಲುಗಳು. ಜಲಾಶಯದ ಮಟ್ಟ ಗೊತ್ತಾದ ಮಿತಿಯನ್ನು ಮೀರಿದಾಗ ನೀರು ಪಕ್ಕದ ಬಾವಿಯೊಳಗೆ ಇಳಿಯುತ್ತದೆ, ಅಲ್ಲಿನ ತೇಲುಬುಂಡೆ ಮೇಲೇಳುತ್ತದೆ, ಅದಕ್ಕೆ ಜೋಡಿಸಿದ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ನೆರೆ ಇಳಿದ ಮೇಲೆ ಅವು ಮತ್ತೆ ಮುಚ್ಚಿಕೊಳ್ಳುತ್ತವೆ. 1903ರಲ್ಲಿ ಅಳವಡಿಸಿದ ಈ ವ್ಯವಸ್ಥೆ ಮುಂದೆ ಕನ್ನಂಬಾಡಿಗೂ ಬಂತು. ಮನುಷ್ಯನು ನಿದ್ದೆಯಲ್ಲಿರುವಾಗಲೂ ಹೊಳೆ ಏರಬಹುದೆಂಬ ಎಚ್ಚರ ಈ ಯಂತ್ರದ ಹಿಂದೆ ಇತ್ತು.

ಮುಂಬಯಿ ಸರ್ಕಾರದಲ್ಲಿ ಭಾರತೀಯರಿಗೆ ಅತ್ಯುನ್ನತ ಹುದ್ದೆ ಸಿಗುವುದು ದುರ್ಲಭವೆಂದು ಅರಿತ ಅವರು ಅವಧಿಗೆ ಮೊದಲೇ ಸೇವೆಯಿಂದ ಬಿಡುಗಡೆ ಬಯಸಿದರು. ವಿದೇಶ ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನ ನಿಜಾಮ ಸರ್ಕಾರದ ಕೋರಿಕೆ ಅವರನ್ನು ತಲುಪಿತು. 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿಗೆ ಬಂದಾಗ ನಗರವಿನ್ನೂ ಚೇತರಿಸಿಕೊಂಡಿರಲಿಲ್ಲ. ಅಫ್ಜಲ್, ಮುಸ್ಲಿಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋಗಿದ್ದವು. ನದಿಯ ಇಕ್ಕೆಲದ ಬಡಾವಣೆಗಳು ಮಣ್ಣಿನ ದಿಬ್ಬಗಳಾಗಿದ್ದವು. ಹುಣಸೆಮರವೊಂದನ್ನೇರಿ ಜೀವ ಉಳಿಸಿಕೊಂಡವರ ಕಥೆ ಜನರ ಬಾಯಲ್ಲಿತ್ತು. ಹೊಳೆ ಮುನಿದಿತೆಂಬುದು ಲೋಕದ ತೀರ್ಮಾನವಾಗಿದ್ದಿರಬೇಕು. ವಿಶ್ವೇಶ್ವರಯ್ಯನವರು ಹೊಳೆಯ ದಂಡೆಯಲ್ಲಿ ನಿಲ್ಲದೆ ಅದರ ಮೇಲ್ಭಾಗದತ್ತ ದೃಷ್ಟಿ ಹರಿಸಿದರು.

ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟುವ ಮೂಸಿಗೆ ನಗರದ ಮೇಲ್ಭಾಗದಲ್ಲಿ ಈಸಿ ಎಂಬ ಉಪನದಿ ಸೇರುತ್ತದೆ. ಇವೆರಡೂ ನೀರು ಬಸಿದುಕೊಂಡು ಬರುವ ಜಲಾನಯನ ಪ್ರದೇಶ 862 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ದುರಂತದ ದಿನಗಳಲ್ಲಿ ಶಂಶಾಬಾದಿನ ಮಳೆಮಾಪಕದಲ್ಲಿ 24 ಗಂಟೆಗಳಿಗೆ 12.8 ಅಂಗುಲ, 48 ಗಂಟೆಗಳಿಗೆ 18.9 ಅಂಗುಲ ಮಳೆ ದಾಖಲಾಗಿತ್ತು. 788 ಕೆರೆಗಳ ಪೈಕಿ 221 ಒಡೆದುಹೋಗಿದ್ದವು. ನದಿಯ ಗರಿಷ್ಠ ಹರಿವು 4,25,000 ಕ್ಯೂಸೆಕ್ ಎಂದು ಅಂದಾಜಾಯಿತು. ಒಂದು ನಗರದ ದುಃಖ ಈ ಕೆಲವೇ ಅಂಕಿಗಳಲ್ಲಿ ಅರ್ಥವಾಗುವ ಸಂಗತಿಯಾಯಿತು.

ಈ ಅಂಕಿಗಳು ಹೇಳುವುದನ್ನು ಸಾಮಾನ್ಯ ಓದುಗರೂ ಲೆಕ್ಕ ಹಾಕಿ ನೋಡಬಹುದು. 862 ಚದರ ಮೈಲಿಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದು ಸುಮಾರು ಎರಡು ಟಿಎಂಸಿ. ನೆಲ ಒಣಗಿದ್ದರೆ ಬಿದ್ದ ಮಳೆಯ ಬಹುಪಾಲನ್ನು ಅದು ಕುಡಿಯುತ್ತದೆ. ಮೊದಲೇ ನೆನೆದ ನೆಲ ಬಹುಪಾಲನ್ನು ಹೊಳೆಗೆ ಬಿಟ್ಟುಕೊಡುತ್ತದೆ. 4,25,000 ಕ್ಯೂಸೆಕ್ ಎಂದರೆ ಇಡೀ ಜಲಾನಯನ ಪ್ರದೇಶದಿಂದ ಗಂಟೆಗೆ ಮುಕ್ಕಾಲು ಅಂಗುಲ ನೀರು ಏಕಕಾಲಕ್ಕೆ ಹೊರಟುಬಂದಂತೆ. ಶಂಶಾಬಾದಿನ ಮಳೆಯನ್ನು ದಿನದ ಉದ್ದಕ್ಕೂ ಹಂಚಿದರೆ ಸಿಗುವ ಸರಾಸರಿ ಗಂಟೆಗೆ ಅರ್ಧ ಅಂಗುಲಕ್ಕಿಂತ ತುಸು ಮಾತ್ರ ಹೆಚ್ಚು. ಹಾಗಾದರೆ ಹೊಳೆಗೆ ಮಳೆಗಿಂತ ಹೆಚ್ಚಿನ ವೇಗ ಎಲ್ಲಿಂದ ಬಂತು? ಕೆಲವು ಗಂಟೆಗಳಲ್ಲಿ ಮಳೆ ಸುರಿದ ರಭಸದಿಂದ ಬಂತು. ಒಡೆದ ಕೆರೆಗಳಿಂದಲೂ ಬಂತು. ಮೇಲಿನ ಕೆರೆಯ ಏರಿ ಒಡೆದರೆ ಅದರಲ್ಲಿ ನಿಂತಿದ್ದ ನೀರೆಲ್ಲ ಒಂದೇ ಏಟಿಗೆ ಕೆಳಗಿನ ಕೆರೆಗೆ ನುಗ್ಗುತ್ತದೆ. ಅದು ತಾಳದೆ ತಾನೂ ಒಡೆಯುತ್ತದೆ. ಸರಪಳಿಯಂತೆ ಇದು ಸಾಗುತ್ತದೆ. ಬರಗಾಲದಲ್ಲಿ ಊರನ್ನು ಕಾಯುವ ಕೆರೆ, ನಿರ್ಲಕ್ಷ್ಯಕ್ಕೊಳಗಾದಾಗ ಪ್ರವಾಹದ ಬತ್ತಳಿಕೆಯಾಗುತ್ತದೆ.

ಅಂದಿನ ಎಂಜಿನಿಯರುಗಳ ಕೈಯಲ್ಲಿದ್ದ ಸಲಕರಣೆಗಳು ಅತ್ಯಲ್ಪ. ಜಲಾನಯನ ಪ್ರದೇಶದ ವಿಸ್ತೀರ್ಣ ಮತ್ತು ಮಳೆಯ ರಭಸದಿಂದ ಗರಿಷ್ಠ ಹರಿವನ್ನು ಅಂದಾಜಿಸುವ ವಿಧಾನವನ್ನು ಐರ್ಲೆಂಡಿನ ಮಲ್ವಾನಿ 1851ರಲ್ಲಿಯೇ ಮಂಡಿಸಿದ್ದರು. ಮದರಾಸು, ಬಂಗಾಳ ಪ್ರಾಂತಗಳ ಎಂಜಿನಿಯರುಗಳು ತಮ್ಮ ತಮ್ಮ ನದಿಗಳಿಗೆ ಹೊಂದುವ ಸೂತ್ರಗಳನ್ನು ಬಳಸುತ್ತಿದ್ದರು. ಮಳೆಯ ಒಂದು ಘಟಕ ಹೊಳೆಯಲ್ಲಿ ಯಾವ ಆಕಾರದ ಏರಿಳಿತವಾಗಿ ಕಾಣುತ್ತದೆಂಬುದನ್ನು ಅಮೆರಿಕದ ಷರ್ಮನ್ ವಿವರಿಸಿದ್ದು 1932ರಲ್ಲಿ. ಉಪಗ್ರಹ, ರಾಡಾರ್, ಗಣಕಯಂತ್ರಗಳು ಇನ್ನೂ ಮುಂದಿನ ಮಾತು. ಆದರೂ ಇವೆಲ್ಲವುಗಳ ತಿರುಳಿನಲ್ಲಿರುವ ಪ್ರಶ್ನೆಗಳು ನಾಲ್ಕೇ: ಎಷ್ಟು ನೆಲದ ಮೇಲೆ ಎಷ್ಟು ಮಳೆ ಬಿತ್ತು, ಅದರಲ್ಲಿ ಎಷ್ಟು ಹರಿಯಿತು, ಹೊಳೆ ಸೇರಲು ಎಷ್ಟು ಹೊತ್ತು ಹಿಡಿಯಿತು, ದಾರಿಯಲ್ಲಿ ಅದನ್ನು ತಡೆದದ್ದು ಯಾವುದು. ಮೂಸಿಯ ವಿಷಯದಲ್ಲಿ ವಿಶ್ವೇಶ್ವರಯ್ಯನವರು ಹಿಡಿದದ್ದು ಈ ದಾರಿಯನ್ನೇ.

1909ರ ಅಕ್ಟೋಬರ್ 1ರಂದು ಅವರು ವರದಿ ಒಪ್ಪಿಸಿದರು. ಅದರ ತಿರುಳು ಸರಳವಾದದ್ದು: ನಗರದೊಳಗೆ ಗೋಡೆ ಕಟ್ಟಿ ಪ್ರವಾಹವನ್ನು ಎದುರಿಸಿದರೆ ಸಾಲದು, ಅದನ್ನು ಮೇಲೆಯೇ ಹಿಡಿದು ನಿಧಾನವಾಗಿ ಕೆಳಗೆ ಬಿಡಬೇಕು. ಅದಕ್ಕಾಗಿ ಮೂಸಿ ಮತ್ತು ಈಸಿಗಳ ಮೇಲೆ ಒಂದೊಂದು ಜಲಾಶಯ, ನಗರದ ಭಾಗದಲ್ಲಿ ಎತ್ತರಿಸಿದ ದಂಡೆಗಳು, ದಂಡೆಯುದ್ದಕ್ಕೂ ಉದ್ಯಾನಗಳು ಅವರ ಯೋಜನೆಯಲ್ಲಿದ್ದವು. ಅದೇ ವರ್ಷ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ತವರಿಗೆ ಮರಳಿದರು, 1912ರಲ್ಲಿ ದಿವಾನರಾದರು. ಇತ್ತ ಮೂಸಿಯ ಮೇಲೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲೆ ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ಹೈದರಾಬಾದಿನ ಒಳಚರಂಡಿ ಕಾರ್ಯಕ್ಕೆ ಸಲಹೆ ನೀಡಲು ಅವರು ನಂತರವೂ ಅಲ್ಲಿಗೆ ಹೋದರು. 1937ರಲ್ಲಿ ಗಾಂಧೀಜಿಯವರ ಕೋರಿಕೆಯಂತೆ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಒರಿಸ್ಸಾದ ಪ್ರವಾಹ ಸಮಸ್ಯೆಯನ್ನು ಅಧ್ಯಯನ ಮಾಡಿದರು. 1955ರಲ್ಲಿ ಭಾರತರತ್ನ ಸಂದಿತು. ನೂರು ವರ್ಷಗಳ ತುಂಬು ಬಾಳಿನ ಕೊನೆಗೆ, 1962ರ ಏಪ್ರಿಲ್‌ನಲ್ಲಿ ಅವರು ಕಣ್ಮುಚ್ಚಿದರು.

ಇಷ್ಟು ಹೇಳಿ ಕೈಮುಗಿದರೆ ಲೇಖನ ಮುಗಿಯಬಹುದು, ಆದರೆ ಅವರಿಗೆ ಸಲ್ಲಬೇಕಾದ ಗೌರವ ಸಲ್ಲುವುದಿಲ್ಲ. ಏಕೆಂದರೆ ಅವರ ಲೆಕ್ಕವೇ ಅವರ ಜಲಾಶಯಗಳ ಮಿತಿಯನ್ನೂ ತೋರಿಸುತ್ತದೆ. ಇಂದು ಉಸ್ಮಾನ್ ಸಾಗರದ ಪೂರ್ಣ ಸಂಗ್ರಹ ಸುಮಾರು 3.9 ಟಿಎಂಸಿ, ಹಿಮಾಯತ್ ಸಾಗರದ್ದು ಸುಮಾರು 3 ಟಿಎಂಸಿ. ಎರಡೂ ಸೇರಿದರೆ ಇಡೀ ಜಲಾನಯನ ಪ್ರದೇಶದ ಮೂರೂವರೆ ಅಂಗುಲ ಹರಿವಿಗೆ ಸಮ. 1908ರ ಗರಿಷ್ಠ ಹರಿವು ಬಂದರೆ ಎರಡೂ ಜಲಾಶಯಗಳು ಖಾಲಿಯಿದ್ದರೂ ನಾಲ್ಕೂವರೆ ಗಂಟೆಗಳಲ್ಲಿ ತುಂಬಿಹೋಗುತ್ತವೆ. ಆ ನಾಲ್ಕೂವರೆ ಗಂಟೆಗಳು ಅಮೂಲ್ಯವೇ ಸರಿ. ಪ್ರವಾಹದ ನೆತ್ತಿಯನ್ನು ಕತ್ತರಿಸುವುದಕ್ಕೂ ಜನರನ್ನು ತೆರವುಗೊಳಿಸುವುದಕ್ಕೂ ಅವು ಬೇಕು. ಆದರೆ ಕುಡಿಯುವ ನೀರಿಗೆಂದು ಜಲಾಶಯವನ್ನು ತುಂಬಿಟ್ಟಿದ್ದರೆ ಆ ಅವಕಾಶವೂ ಇಲ್ಲ. ಬೇಸಿಗೆಯ ಚಿಂತೆ ಜಲಾಶಯ ತುಂಬಿರಲೆಂದು ಬಯಸುತ್ತದೆ, ಮಳೆಗಾಲದ ಚಿಂತೆ ಅದರಲ್ಲಿ ಜಾಗವಿರಲೆಂದು ಬಯಸುತ್ತದೆ. ಇವೆರಡನ್ನು ಹೊಂದಿಸಬಲ್ಲದ್ದು ಮಳೆ ಬೀಳುವ ಮೊದಲೇ ಹರಿವನ್ನು ಅಂದಾಜಿಸುವ ಮುನ್ಸೂಚನೆಯೊಂದೇ.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಮಟ್ಟದಲ್ಲಿ ಪ್ರವಾಹ ಮುನ್ಸೂಚನೆ ಆರಂಭವಾದದ್ದು 1958ರಲ್ಲಿ, ದೆಹಲಿಯ ಯಮುನಾ ನದಿಯಲ್ಲಿ. ಅಂದಿನಿಂದ ಈ ಜಾಲ ದೇಶದ ಅನೇಕ ನದಿಗಳಿಗೆ ಹಬ್ಬಿದೆ. ಆದರೆ ದೊಡ್ಡ ನದಿಯ ಪ್ರವಾಹ ದಿನಗಟ್ಟಲೆ ಕಾಲಾವಕಾಶ ಕೊಡುತ್ತದೆ, ನಗರದ ಪ್ರವಾಹ ಕೊಡುವುದು ಕೆಲವೇ ಗಂಟೆಗಳನ್ನು. ಕಾಂಕ್ರೀಟು ನೀರು ಕುಡಿಯುವುದಿಲ್ಲ. ನಿನ್ನೆ ಹೊಲವಾಗಿದ್ದ ನೆಲ ಇಂದು ಬಡಾವಣೆಯಾದರೆ ಅದೇ ಮಳೆ ಹೆಚ್ಚು ನೀರಾಗಿ, ಹೆಚ್ಚು ಬೇಗ ಹರಿಯುತ್ತದೆ. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ನಿರ್ಮಾಣಗಳಿಗೆ 1996ರಲ್ಲಿ ಕಡಿವಾಣ ಹಾಕಿದ್ದ ಸರ್ಕಾರಿ ಆದೇಶದ ನಿರ್ಬಂಧಗಳನ್ನು 2022ರಲ್ಲಿ ತೆಗೆದುಹಾಕುವ ಆದೇಶ ಹೊರಟಿತು. ಅದಕ್ಕೆ ಎರಡು ವರ್ಷ ಮೊದಲು, 2020ರ ಅಕ್ಟೋಬರ್‌ನಲ್ಲಿ, ಹೈದರಾಬಾದಿನಲ್ಲಿ ಗುರ್ರಂ ಚೆರುವಿನ ಏರಿ ಒಡೆದು ಬಡಾವಣೆಗಳು ಮುಳುಗಿದ್ದವು. 221 ಕೆರೆಗಳ ಪಾಠ ನೂರು ವರ್ಷ ಕಳೆದರೂ ಹಳೆಯದಾಗಿರಲಿಲ್ಲ.

ಬೆಂಗಳೂರಿಗೂ ಈ ಪಾಠ ದೂರದ್ದಲ್ಲ. ನದಿಯೇ ಇಲ್ಲದ ಈ ಊರು ಬದುಕಿದ್ದು ಕೆರೆಗಳ ಸರಣಿಯಿಂದ. ಒಂದರ ಕೋಡಿ ಇನ್ನೊಂದಕ್ಕೆ ನೀರುಣಿಸುತ್ತ ಹೋಗುವ ಆ ವ್ಯವಸ್ಥೆಯ ರಾಜಕಾಲುವೆಗಳನ್ನು ಮುಚ್ಚಿದ ಫಲವನ್ನು 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಉಂಡವು. ಅಂದೂ ಮಳೆಯನ್ನೇ ದೂರಲಾಯಿತು. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಯಾವ ಕೆರೆಗೆ ಎಷ್ಟು ಹೊತ್ತಿನಲ್ಲಿ ಬರಬೇಕಾಗಿತ್ತು, ಅದರ ದಾರಿಯಲ್ಲಿ ಏನು ನಿಂತಿತ್ತು ಎಂಬ ಲೆಕ್ಕ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಆಗಬೇಕಾದದ್ದು, ಮನೆಗಳು ಮುಳುಗಿದ ಮೇಲಲ್ಲ.

ವಿಶ್ವೇಶ್ವರಯ್ಯನವರು ಉಳಿಸಿಹೋದ ಆಸ್ತಿ ಕಲ್ಲುಗಾರೆಯದು ಮಾತ್ರವಲ್ಲ. ಅಣೆಕಟ್ಟೆಗೆ ಕಲ್ಲಿಡುವ ಮೊದಲು ಹೊಳೆಯ ಮೇಲ್ಭಾಗದ ಪ್ರತಿ ಚದರ ಮೈಲಿಯನ್ನೂ ಲೆಕ್ಕಕ್ಕೆ ತರಬೇಕೆಂಬ ಶಿಸ್ತು ಅದರಲ್ಲಿ ಸೇರಿದೆ. ಕಟ್ಟೆಯನ್ನು ಒಮ್ಮೆ ಕಟ್ಟಿದರೆ ನೂರು ವರ್ಷ ನಿಲ್ಲುತ್ತದೆ. ಲೆಕ್ಕ ಹಾಗಲ್ಲ, ನೆಲ ಬದಲಾದಂತೆಲ್ಲ ಅದನ್ನು ಮತ್ತೆ ಬರೆಯಬೇಕಾಗುತ್ತದೆ. ಪ್ರತಿ ಕೆರೆಗೊಂದು ಮಟ್ಟದ ಅಳತೆ, ಪ್ರತಿ ಜಲಾನಯನ ಪ್ರದೇಶಕ್ಕೆ ಸಾಕಷ್ಟು ಮಳೆಮಾಪಕಗಳು, ಆ ಅಂಕಿಗಳನ್ನು ದಿನದಿನವೂ ಓದಿ ಎಚ್ಚರಿಸುವ ಜನ, ಆ ಎಚ್ಚರಿಕೆಗೆ ಕಿವಿಗೊಡುವ ಆಡಳಿತ ಇವಿಷ್ಟನ್ನು ಒದಗಿಸದೆ ಪ್ರತಿಮೆಗೆ ಹಾರ ಹಾಕುವುದು ಸುಲಭ. ಮುಂದಿನ ಸೆಪ್ಟೆಂಬರ್ 15ರ ಸಮಾರಂಭಗಳಲ್ಲಿ ನಮ್ಮ ಎಂಜಿನಿಯರುಗಳೂ ಅಧಿಕಾರಿಗಳೂ ತಮ್ಮ ಊರಿನ ಕೆರೆಗಳ ಏರಿಗಳ ಸ್ಥಿತಿಯನ್ನು ಕುರಿತ ಒಂದು ಪುಟದ ವರದಿಯನ್ನು ಸಾರ್ವಜನಿಕರ ಮುಂದಿಟ್ಟರೆ, ಅದು ಆ ಹಾರಕ್ಕಿಂತ ಹಿರಿದಾದ ಗೌರವವಾದೀತು.