ಕೂನೂರಿನ ಇಲಿಗಳ ವೈದ್ಯರು: ಸರ್ ರಾಬರ್ಟ್ ಮೆಕ್ಯಾರಿಸನ್

ಗುರುವಾಯನಕೆರೆಯ ಕೂಡುರಸ್ತೆಯಲ್ಲಿ ಮಂಗಳೂರು, ಬೆಳ್ತಂಗಡಿ, ಕಾರ್ಕಳ, ಉಪ್ಪಿನಂಗಡಿಗಳ ಹಾದಿಗಳು ಬಂದು ಸೇರುತ್ತವಷ್ಟೆ. ಅಲ್ಲಿಯ ಅಕ್ಕಿಯಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತವನಿಗೆ ಎರಡು ಬಗೆಯ ಚೀಲಗಳು ಕಾಣುವವು. ಒಂದರಲ್ಲಿ ಕುಚ್ಚಿಗೆ ಅಕ್ಕಿ. ಇನ್ನೊಂದರಲ್ಲಿ ಮಲ್ಲಿಗೆಯಂತೆ ಬಿಳುಪಾದ ಬೆಳ್ತಿಗೆ ಅಕ್ಕಿ. ನಮ್ಮ ಹಿರಿಯರು ದಿನದ ಗಂಜಿಗೆ ಮೊದಲನೆಯದನ್ನೂ, ಹಬ್ಬಕ್ಕೂ ನೆಂಟರಿಗೂ ಎರಡನೆಯದನ್ನೂ ಇಟ್ಟುಕೊಂಡಿದ್ದರು. ಈಗ ಅನೇಕ ಮನೆಗಳಲ್ಲಿ ಮುನ್ನೂರ ಅರುವತ್ತೈದು ದಿನವೂ ಹಬ್ಬದ ಅಕ್ಕಿಯೇ ಬೇಯುತ್ತದೆ. ಕುಚ್ಚಿಗೆಯೆಂದರೆ ಬಡವರ ಊಟ, ಬೆಳ್ತಿಗೆಯೆಂದರೆ ಮರ್ಯಾದೆಯ ಊಟ ಎಂಬ ಭಾವನೆಯಿಂದ ನಮ್ಮ ಮನೆಯೂ ಬಹುಕಾಲ ಹೊರತಾಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಇತ್ತ ಮನೆಗಳಿಗೆ ಭೇಟಿಗೆ ಹೋದಾಗ ಗಡಿಯಾರದ ಕೆಳಗಿನ ಹಲಗೆಯ ಮೇಲೆ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಕಾಣದೆ ಹಿಂದಿರುಗುವದು ಅಪರೂಪವಾಗಿದೆ. ಆದಕಾರಣ ಅಕ್ಕಿಯ ಬಿಳುಪಿಗೂ ಮನುಷ್ಯರ ಆಯುಷ್ಯಕ್ಕೂ ಇರುವ ಸಂಬಂಧವನ್ನು ಹುಡುಕುವದರಲ್ಲಿ ತನ್ನ ಬಾಳಿನ ಉತ್ತಮ ವರುಷಗಳನ್ನು ಕಳೆದ ಒಬ್ಬ ವೈದ್ಯರ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ರಾಬರ್ಟ್ ಮೆಕ್ಯಾರಿಸನ್ ಎಂಬವರು ೧೮೭೮ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಐರ್ಲೆಂಡಿನ ಉತ್ತರಭಾಗದಲ್ಲಿ ಪೋರ್ಟಡೌನ್ ಎಂಬ ಊರಲ್ಲಿ ಹುಟ್ಟಿದರು. ಬೆಲ್‌ಫಾಸ್ಟಿನ ಕಾಲೇಜಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ೧೯೦೦ರಲ್ಲಿ ಪದವಿ ಹೊಂದಿದರು; ಮರುವರುಷವೇ ಸರಕಾರದ ವೈದ್ಯ ದಳಕ್ಕೆ ಸೇರಿ ಇಂಡಿಯಾ ದೇಶಕ್ಕೆ ಬಂದರು. ಮೊದಲು ಅವರನ್ನು ಕಳುಹಿಸಿದ್ದು ವಾಯವ್ಯ ಗಡಿಯ ಚಿತ್ರಾಲಿಗೆ. ಆಮೇಲೆ ಹಿಮದ ಬೆಟ್ಟಗಳ ನಡುವೆ ಇರುವ ಗಿಲ್ಗಿಟ್ ಎಂಬಲ್ಲಿಗೆ.

ಗಿಲ್ಗಿಟಿನಲ್ಲಿ ಗಂಟಲು ಊದಿಕೊಂಡ ಜನರು ಬಹಳ. ಈ ರೋಗಕ್ಕೆ ಗಳಗಂಡವೆಂದು ಹೆಸರು. ಒಂದೇ ಕಾಲುವೆಯ ನೀರನ್ನು ಕುಡಿಯುವ ಹಳ್ಳಿಗಳಲ್ಲಿ ಮೇಲ್ಗಡೆಯದರಲ್ಲಿ ರೋಗ ಕಡಿಮೆಯಾಗಿಯೂ, ಹಳ್ಳಿಗಳ ಕೊಳೆ ಸೇರುತ್ತಾ ಸೇರುತ್ತಾ ನೀರು ಇಳಿದುಹೋದ ಕೆಳಗಡೆಯದರಲ್ಲಿ ಹೆಚ್ಚಾಗಿಯೂ ಇರುವದನ್ನು ಅವರು ಲೆಕ್ಕ ಮಾಡಿ ಕಂಡರು. ನೀರನ್ನು ಸೋಸಿ, ಉಳಿದ ಮಡ್ಡಿಯನ್ನು ತಾವೇ ಕುಡಿದರು. ಮನಸ್ಸುಳ್ಳ ಬೇರೆ ಕೆಲವರೂ ಅವರೊಂದಿಗೆ ಕುಡಿದರು. ಕೆಲವು ವಾರಗಳಲ್ಲಿ ಅವರ ಗಂಟಲೇ ಊದಿತು! ಅದೇ ಮಡ್ಡಿಯನ್ನು ಕುದಿಸಿ ಕುಡಿದವರಿಗೆ ಏನೂ ಆಗಲಿಲ್ಲ. ಇದರಿಂದ ಗಳಗಂಡಕ್ಕೆ ಕೊಳಕು ನೀರಿನ ಕ್ರಿಮಿಯೇ ಮೂಲವೆಂದು ಅವರು ತಿಳಿದರು. ಆ ತೀರ್ಮಾನವು ನಿಲ್ಲಲಿಲ್ಲ. ಮಣ್ಣಿನಲ್ಲಿಯೂ ಆಹಾರದಲ್ಲಿಯೂ ಅಯೊಡಿನ್ ಎಂಬ ಪದಾರ್ಥದ ಕೊರತೆಯೇ ಮುಖ್ಯ ಕಾರಣವೆಂದು ಈಗ ಎಲ್ಲರೂ ಒಪ್ಪುತ್ತಾರೆ. ಅದಕ್ಕಾಗಿಯೇ ನಮ್ಮ ಉಪ್ಪಿನಲ್ಲಿ ಅಯೊಡಿನ್ ಬೆರೆಸಲ್ಪಡುತ್ತದೆ. ಇವರ ತಪ್ಪನ್ನು ನಾವು ಮರೆಮಾಡುವದಿಲ್ಲ. ತನ್ನ ಗಂಟಲನ್ನೇ ಪಣವಾಗಿಟ್ಟು ತಪ್ಪಿದವರು ಲೋಕದಲ್ಲಿ ಎಷ್ಟು ಮಂದಿ?

ಅದೇ ಸೀಮೆಯ ಹುಂಜಾ ಎಂಬ ಕಣಿವೆಯ ಜನರ ದೇಹದಾರ್ಢ್ಯವು ಅವರನ್ನು ಆಶ್ಚರ್ಯಪಡಿಸಿತು. ಇಡೀ ಧಾನ್ಯದ ರೊಟ್ಟಿ, ಸೊಪ್ಪು ತರಕಾರಿ, ಹಾಲು, ಒಣಗಿಸಿದ ಜರ್ದಾಳು ಹಣ್ಣು, ಅಪರೂಪಕ್ಕೆ ಮಾಂಸ, ಇವೇ ಅವರ ಊಟ. ಮುಂದಿನವರು ಇದಕ್ಕೆ ರೆಕ್ಕೆಪುಕ್ಕ ಕಟ್ಟಿ, ಹುಂಜಾದವರು ನೂರಿಪ್ಪತ್ತು ವರುಷ ಬದುಕುತ್ತಾರೆಂದು ಕಥೆ ಹಬ್ಬಿಸಿದರು. ಹುಟ್ಟಿದ ದಿನವನ್ನು ಬರೆದಿಡದ ಊರಿನಲ್ಲಿ ಅಂಥ ಲೆಕ್ಕವನ್ನು ನಂಬಲಾಗದು. ಮೆಕ್ಯಾರಿಸನ್ ಸಾಹೇಬರ ಮನಸ್ಸಿನಲ್ಲಿ ನಾಟಿದ್ದು ಬೇರೊಂದು ವಿಷಯ. ವೈದ್ಯರೆಲ್ಲರೂ ರೋಗಿಗೆ ರೋಗ ಏಕೆ ಬಂತೆಂದು ಕೇಳುತ್ತಾರೆ. ಆರೋಗ್ಯವಂತನಿಗೆ ಆರೋಗ್ಯ ಏಕೆ ಬಂತೆಂದು ಕೇಳುವವರು ಯಾರು? ಈ ಪ್ರಶ್ನೆಯು ಅವರನ್ನು ಬಿಡಲಿಲ್ಲ.

ಮೊದಲನೆಯ ಮಹಾಯುದ್ಧದ ಸೇವೆಯ ತರುವಾಯ ೧೯೧೮ರಲ್ಲಿ ಅವರು ನೀಲಗಿರಿಯ ಕೂನೂರಿಗೆ ಬಂದರು. ಕನ್ನಡಕ್ಕೆ ನಂಟುಳ್ಳ ಮಾತನ್ನಾಡುವ ಬಡಗರ ನಾಡು ಅದು. ಬಾಸೆಲ್ ಮಿಶನಿನ ಚರಿತ್ರೆಯನ್ನು ಓದಿದವರಿಗೆ ಹತ್ತಿರದ ಕೇತಿಯ ಹೆಸರು ಪರಿಚಿತವೇ. ಅಲ್ಲಿಯ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಒಂದೇ ಒಂದು ಕೋಣೆ ಸಿಕ್ಕಿತು. ಕೆಲಸವು ಬೆರಿಬೆರಿ ರೋಗದ ವಿಚಾರಣೆ.

ಬೆರಿಬೆರಿ ಹಿಡಿದವನ ಪಾದಗಳು ಮರಗಟ್ಟುವವು, ಕಾಲು ಸೋಲುವದು, ಮೈ ನೀರೂದುವದು, ಕಡೆಗೆ ಹೃದಯವು ನಿಂತುಹೋಗುವದು. ೧೮೯೦ರ ಸುಮಾರಿಗೆ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನ ಕೋಳಿಗಳು ಇಂಥದೇ ಕಾಯಿಲೆಯಿಂದ ಕಾಲು ಮಡಚಿ ಬಿದ್ದವು. ವಿಚಾರಿಸಿದಾಗ ಅವು ದಂಡಿನ ಆಸ್ಪತ್ರೆಯ ಬಿಳೀ ಅನ್ನವನ್ನು ತಿನ್ನುತ್ತಿದ್ದುದು ತಿಳಿಯಿತು. ಹೊಸದಾಗಿ ಬಂದ ಅಡಿಗೆಯವನು ದಂಡಿನ ಅನ್ನವನ್ನು ಕೋಳಿಗಳಿಗೆ ಕೊಡಲೊಲ್ಲೆನೆಂದು ಹಟ ಹಿಡಿದದ್ದರಿಂದ ಅವಕ್ಕೆ ತೌಡು ಹೋಗದ ಅಕ್ಕಿ ದೊರೆಯಿತು. ಕೋಳಿಗಳು ಎದ್ದು ನಡೆದವು! ಆ ಅಡಿಗೆಯವನ ಜಿಪುಣತನದಿಂದ ಲೋಕಕ್ಕೆ ದೊಡ್ಡ ಉಪಕಾರವಾಯಿತು. ಐಕ್ಮನನಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನವು ಸಿಕ್ಕಿತು. ತೌಡಿನಲ್ಲಿ ಅಡಗಿದ್ದ ಸತ್ವವನ್ನು ೧೯೨೬ರಲ್ಲಿ ಬೇರ್ಪಡಿಸಿ ತೆಗೆದರು. ಅದನ್ನು ನಾವು ಈಗ ಬಿ ಒಂದು ವಿಟಮಿನ್ ಎನ್ನುತ್ತೇವೆ.

ಇಲ್ಲಿ ನಮ್ಮ ಕುಚ್ಚಿಗೆ ಅಕ್ಕಿಯ ಮಾತು ಬರುತ್ತದೆ. ಮಲಯ ದೇಶದಲ್ಲಿ ಬಿಳೀ ಅಕ್ಕಿಯನ್ನು ಉಣ್ಣುವ ಚೀನೀ ಕೂಲಿಗಳಿಗೆ ಬೆರಿಬೆರಿಯು ತಗಲಿ ಸಾಯುತ್ತಿರುವಾಗ, ಪಕ್ಕದಲ್ಲಿಯೇ ದುಡಿಯುತ್ತಾ ಕುಚ್ಚಿಗೆ ಅಕ್ಕಿಯನ್ನು ಉಣ್ಣುವ ತಮಿಳು ಕೂಲಿಗಳಿಗೆ ಅದು ತಗಲುತ್ತಿರಲಿಲ್ಲ. ನಮ್ಮ ದೇಶದಲ್ಲಿಯೂ ಗಿರಣಿಯ ಬೆಳ್ತಿಗೆಯನ್ನು ನೆಚ್ಚಿದ್ದ ತೆಲುಗು ಕರಾವಳಿಯೇ ಆ ರೋಗದ ಮನೆಯಾಗಿತ್ತು. ಕಾರಣವೇನಂದರೆ, ಭತ್ತವನ್ನು ನೆನೆಯಿಟ್ಟು ಹಂಡೆಯಲ್ಲಿ ಬೇಯಿಸುವಾಗ ತೌಡಿನ ಸತ್ವವು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ; ಒಣಗಿದ ಮೇಲೆ ಅಲ್ಲಿಯೇ ನಿಲ್ಲುತ್ತದೆ. ಅನಂತರ ಗಿರಣಿಯಲ್ಲಿ ತೌಡು ಹಾರಿಹೋದರೂ ಸತ್ವದ ದೊಡ್ಡ ಪಾಲು ಉಳಿಯುವದು. ಬೆಳ್ತಿಗೆಯಲ್ಲಾದರೋ ತೌಡಿನ ಸಂಗಡ ಸತ್ವವೂ ದನದ ಬಾನಿಗೆ ಹೋಗುವದು. ಮಿಕ್ಕದ್ದನ್ನು ನಾವು ಮೂರು ನಾಲ್ಕು ಸಾರಿ ತೊಳೆದು, ತೆಳಿಯನ್ನು ಬಸಿದು ಚೆಲ್ಲಿ ಕಳೆಯುತ್ತೇವೆ. ತೆಳಿಯನ್ನು ಬಿಡದೆ ಗಂಜಿಯಾಗಿ ಕುಡಿದ ನಮ್ಮ ಅಜ್ಜಂದಿರು ವಿಟಮಿನ್ ಎಂಬ ಮಾತನ್ನೇ ಕೇಳಿರಲಿಲ್ಲ.

ಮೆಕ್ಯಾರಿಸನ್ ಸಾಹೇಬರು ಪಾರಿವಾಳಗಳಿಗೂ ಕೋತಿಗಳಿಗೂ ಸತ್ವವಿಲ್ಲದ ಅಕ್ಕಿಯನ್ನು ತಿನ್ನಿಸಿ, ಅವುಗಳ ಅಂಗಾಂಗಗಳನ್ನು ಕೊಯ್ದು ನೋಡಿದರು. ಬೆರಿಬೆರಿಯೆಂದು ಹೆಸರಿಡಬಹುದಾದ ಚಿಹ್ನೆ ಕಾಣುವದಕ್ಕೆ ಮುಂಚೆಯೇ ಕರುಳಿನ ಒಳಪೊರೆಯು ಕೆಟ್ಟಿತ್ತು. ಇದು ಅವರ ಶೋಧನೆಯ ತಿರುಳೆಂದು ನಮ್ಮ ಅಭಿಪ್ರಾಯ. ಊಟದ ಕೊರತೆಯು ಹಾವಿನಂತೆ ಒಮ್ಮೆಲೇ ಕಚ್ಚುವದಿಲ್ಲ. ಗೆದ್ದಲಿನಂತೆ ಒಳಗೊಳಗೇ ತಿನ್ನುವದು. ಮನೆಯವನು ತೊಲೆ ಕುಸಿದ ದಿನ ಎಚ್ಚರವಾಗುತ್ತಾನೆ, ಆದರೆ ಗೆದ್ದಲು ಹತ್ತಿ ವರುಷಗಳಾಗಿರುತ್ತವೆ.

ಇಂಥ ಕೆಲಸಕ್ಕೆ ಸರಕಾರವು ೧೯೨೩ರಲ್ಲಿ ಹಣವನ್ನು ನಿಲ್ಲಿಸಿತು. ಖರ್ಚು ತಗ್ಗಿಸುವ ಕಾಲವಂತೆ. ಎರಡು ವರುಷಗಳ ಮೇಲೆ ಪುನಃ ಕೊಟ್ಟಿತು. ಒಂದು ಕೋಣೆಯ ವಿಚಾರಣೆಯು ೧೯೨೮ರಲ್ಲಿ ಪೋಷಣಾ ಸಂಶೋಧನಾಲಯವಾಗಿ ಬೆಳೆಯಿತು, ಮೆಕ್ಯಾರಿಸನರೇ ಅದರ ಮೊದಲನೆಯ ಅಧ್ಯಕ್ಷರಾದರು. ಅದೇ ವರುಷದಲ್ಲಿ ಶಾಲೆಯ ಮಕ್ಕಳಿಗೋಸ್ಕರ ಆಹಾರದ ಕುರಿತು ಒಂದು ಚಿಕ್ಕ ಪುಸ್ತಕವನ್ನೂ ಅವರು ಬರೆದರು.

ಈಗ ಇಲಿಗಳ ಸಂಗತಿ. ಇಲಿಯ ಎರಡು ವರುಷವೆಂದರೆ ಮನುಷ್ಯನ ಅರ್ಧ ಶತಮಾನ. ಆದದರಿಂದ ಒಂದು ಜೀವಮಾನದ ಊಟದ ಫಲವನ್ನು ಬೇಗನೆ ಕಾಣಬಹುದು. ಅವರು ಒಂದೇ ವಯಸ್ಸಿನ, ಒಂದೇ ತೂಕದ ಎಳೇ ಇಲಿಗಳನ್ನು ಏಳು ಗುಂಪುಗಳಾಗಿ ಮಾಡಿ, ಈ ದೇಶದ ಏಳು ಜನಾಂಗಗಳ ಊಟವನ್ನು ಒಂದೊಂದು ಗುಂಪಿಗೆ ಕೊಟ್ಟರು. ಕಡೆಯಲ್ಲಿ ತೂಗಿ ನೋಡಿದಾಗ ಸರಾಸರಿ ತೂಕವು ಸಿಖ್ಖರ ಊಟ ತಿಂದವಕ್ಕೆ ೨೩೫ ಗ್ರಾಮ್, ಪಠಾಣರದಕ್ಕೆ ೨೩೦, ಮರಾಠರದಕ್ಕೆ ೨೨೫, ಗೂರ್ಖರದಕ್ಕೆ ೨೦೦, ಕನ್ನಡಿಗರದಕ್ಕೆ ೧೮೫, ಬಂಗಾಳಿಗಳದಕ್ಕೆ ೧೮೦, ಮದ್ರಾಸಿನವರದಕ್ಕೆ ೧೫೫ ಬಂತು. ನಮ್ಮ ಊಟಕ್ಕೆ ಐದನೆಯ ಸ್ಥಾನ! ದಾನಿಯೇಲನೂ ಅವನ ಜತೆಗಾರರೂ ಬಾಬೆಲಿನ ಅರಮನೆಯಲ್ಲಿ ಹತ್ತು ದಿವಸ ಕಾಯಿಪಲ್ಯವನ್ನು ತಿಂದು ಪರೀಕ್ಷೆಗೆ ನಿಂತದ್ದನ್ನು ಬಲ್ಲ ವಾಚಕರಿಗೆ ಇಂಥ ಪ್ರಯೋಗವು ಹೊಸತೆನಿಸದು.

ಆದರೂ ಒಂದು ಮಾತನ್ನು ಹೇಳಲೇಬೇಕು. ಕನ್ನಡಿಗರ ಊಟವೆಂದು ಒಂದೇ ಹೆಸರಿಟ್ಟರೆ ಸಾಲದು. ಮೈಸೂರಿನ ರಾಗಿಮುದ್ದೆ, ಧಾರವಾಡದ ಜೋಳದ ರೊಟ್ಟಿ, ನಮ್ಮ ಘಟ್ಟದ ಕೆಳಗಿನ ಗಂಜಿ ಮತ್ತು ಬೂತಾಯಿ ಮೀನು, ಇವು ಮೂರೂ ಒಂದೇ ತಟ್ಟೆಯಲ್ಲಿ ಕೂಡುವವುಗಳಲ್ಲ. ಮತ್ತು ತೂಕವೇ ಆರೋಗ್ಯವಲ್ಲ. ಆದರೆ ಇಲಿಗಳ ಪುಪ್ಪುಸ, ಹೊಟ್ಟೆ, ಕರುಳುಗಳನ್ನು ಪರೀಕ್ಷಿಸಿದಾಗಲೂ ಕೊರತೆಯ ಊಟದವುಗಳಲ್ಲಿಯೇ ರೋಗ ಹೆಚ್ಚಾಗಿ ಕಂಡಿತು. ಸಿಖ್ಖರ ಊಟದಲ್ಲಿ ಇಡೀ ಗೋಧಿಯ ರೊಟ್ಟಿ, ಬೆಣ್ಣೆ, ಹಾಲು, ಬೇಳೆ, ಹಸಿ ತರಕಾರಿಗಳಿದ್ದವು. ಮದ್ರಾಸಿನದರಲ್ಲಿ ಹೆಚ್ಚಿನ ಪಾಲು ತೊಳೆದು ಬೇಯಿಸಿದ ಅಕ್ಕಿ. ಹಾಲೂ ಸೊಪ್ಪೂ ಹೆಸರಿಗೆ ಮಾತ್ರ. ಸಿಖ್ಖರ ಮಾದರಿಯ ಊಟ, ಬಿಸಿಲು, ಶುಚಿಯಾದ ಹಾಸು, ಇವನ್ನು ಕೊಟ್ಟು ಸಾಕಿದ ೧,೧೮೯ ಇಲಿಗಳು ಎರಡು ವರುಷಕ್ಕೂ ಮಿಕ್ಕ ಕಾಲದಲ್ಲಿ ರೋಗವೆಂಬದನ್ನೇ ಬಹುಮಟ್ಟಿಗೆ ಅರಿಯಲಿಲ್ಲ.

ಇವರು ಸ್ವದೇಶದವರನ್ನೂ ಬಿಡಲಿಲ್ಲ. ಇಂಗ್ಲೆಂಡಿನ ಬಡವರು ತಿನ್ನುತ್ತಿದ್ದ ಬಿಳೀ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಚಹಾ, ಡಬ್ಬದ ಮಾಂಸ, ಅಗ್ಗದ ಜ್ಯಾಮ್ ಇವನ್ನು ಒಂದು ಗುಂಪಿಗೆ ಕೊಟ್ಟರು. ಆ ಇಲಿಗಳು ಕೃಶವಾಗಿ ಬೆಳೆದು, ಸಾಕುವವರನ್ನೇ ಕಚ್ಚತೊಡಗಿ, ಕಡೆಗೆ ತಮ್ಮಲ್ಲಿ ಬಲಹೀನವಾದವುಗಳನ್ನು ಕೊಂದು ತಿಂದವು. ಚಹಾ ಮತ್ತು ಬಿಸ್ಕತ್ತುಗಳಿಂದ ಬೆಳಗಿನ ಊಟವನ್ನು ಮುಗಿಸಿ ಮಕ್ಕಳನ್ನು ಶಾಲೆಗೆ ಕಳುಹಿಸುವ ನಮ್ಮ ಮನೆಗಳ ನೆನಪಾಗಿ, ಇದನ್ನು ಓದಿದ ದಿನ ನಮಗೆ ಕಳವಳವಾಯಿತು.

ಇಲಿಯು ಮನುಷ್ಯನಲ್ಲ ನಿಜ. ಅದಕ್ಕೋಸ್ಕರ ಮುಂದಿನ ಸಂಶೋಧಕರು ಸಾವಿರಾರು ಮನುಷ್ಯರನ್ನೇ ಹತ್ತಿಪ್ಪತ್ತು ವರುಷ ಹಿಂಬಾಲಿಸಿ, ಯಾರು ಏನು ಉಂಡರು, ಯಾರಿಗೆ ಯಾವ ರೋಗ ಬಂತು ಎಂದು ಬರೆದಿಡುವ ಪದ್ಧತಿಯನ್ನು ಹಿಡಿದರು. ಮೆಕ್ಯಾರಿಸನರ ಕಾಲದ ಭಯವು ಕೊರತೆಯದು. ನಮ್ಮ ಕಾಲದ್ದು ಕೊರತೆಯೂ ಮಿತಿಮೀರಿದ್ದೂ ಕೂಡಿದ ಭಯ. ೨೦೨೩ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯುಂಟು. ಮೆಕ್ಯಾರಿಸನರು ನೆಟ್ಟ ಸಂಸ್ಥೆಯೇ ೨೦೨೪ರಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ, ದೇಶದ ರೋಗಭಾರದ ನೂರಕ್ಕೆ ೫೬.೪ ಪಾಲು ಕೆಟ್ಟ ಊಟದ ದೆಸೆಯಿಂದ ಬಂದದ್ದೆಂದು ಹೇಳಲ್ಪಟ್ಟಿದೆ. ಕುಚ್ಚಿಗೆ ಅಕ್ಕಿಯು ಸಕ್ಕರೆ ಕಾಯಿಲೆಗೆ ಔಷಧವೆಂದು ಯಾರೂ ತಪ್ಪು ತಿಳಿಯಬಾರದು. ಅದೂ ಅಕ್ಕಿಯೇ, ಬಟ್ಟಲ ತುಂಬ ಸುರಿದುಕೊಂಡರೆ ರಕ್ತದಲ್ಲಿ ಸಕ್ಕರೆ ಏರುವದು. ಅಲ್ಲದೆ ಈಗ ಅಂಗಡಿಯ ಕುಚ್ಚಿಗೆಯನ್ನೂ ಗಿರಾಕಿಯ ಕಣ್ಣಿಗೆ ಹಿಡಿಸಲೆಂದು ಬಿಳುಪಾಗುವ ತನಕ ಉಜ್ಜುತ್ತಾರೆ. ಕೆಂಪುಗೆರೆ ಉಳಿದದ್ದನ್ನು ಕೇಳಿ ಕೊಳ್ಳಬೇಕು. ಮೆಕ್ಯಾರಿಸನರು ಹೊಗಳಿದ್ದು ಯಾವದೋ ಒಂದು ಪದಾರ್ಥವನ್ನಲ್ಲ, ಇಡೀ ತಟ್ಟೆಯನ್ನು. ಗಂಜಿಯ ಪಕ್ಕದಲ್ಲಿ ಹುರುಳಿಯ ಸಾರು, ಹಿತ್ತಿಲಿನ ಹರಿವೆ ಬಸಳೆ, ನುಗ್ಗೆಸೊಪ್ಪು, ಒಂದು ತುಂಡು ಮೀನು ಇರುವ ಮನೆಯಲ್ಲಿ ಅನ್ನದ ಪಾಲು ತಾನೇ ತಗ್ಗುವದು.

ಸರಕಾರವು ೧೯೩೩ರಲ್ಲಿ ಇವರಿಗೆ ಸರ್ ಎಂಬ ಬಿರುದನ್ನು ಕೊಟ್ಟಿತು. ೧೯೩೫ರಲ್ಲಿ ಇವರು ಕೂನೂರಿನ ಕೆಲಸವನ್ನು ಆಯ್ಕ್ರಾಯ್ಡ್ ಎಂಬ ವೈದ್ಯರಿಗೆ ಒಪ್ಪಿಸಿ, ಆಕ್ಸ್‌ಫರ್ಡಿನಲ್ಲಿ ನೆಲೆಸಿದರು. ಹೆಂಡತಿ ಹೆಲೆನ್ ಇದ್ದರು, ಮಕ್ಕಳಿರಲಿಲ್ಲ. ಅವರು ಬಿಟ್ಟುಹೋದ ಸಂಶೋಧನಾಲಯವು ೧೯೫೮ರಲ್ಲಿ ಬೆಟ್ಟವಿಳಿದು ಹೈದರಾಬಾದಿಗೆ ಹೋಯಿತು. ೧೯೬೯ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಮೆಕ್ಯಾರಿಸನ್ ಸಾಹೇಬರು ಆ ಹೊಸ ಹೆಸರನ್ನು ಕೇಳಲಿಲ್ಲ. ೧೯೬೦ನೆಯ ಇಸವಿಯ ಮೇ ತಿಂಗಳಲ್ಲಿ, ತಮ್ಮ ಎಂಭತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.